ಚೆಂಡೆಯ ಪೆಟ್ಟು ಕಿಸೆಯಲ್ಲಿರಲಿ: ಕಾಸರಗೋಡಿನಿಂದ ಮುಂಬೈ ಆಡಿಯೋ ಪ್ರದರ್ಶನಕ್ಕೆ ಹೊರಟವರಿಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯಿಂದ ಮುಂಬೈಗೆ ಹೈ-ಎಂಡ್ ಆಡಿಯೋ ಪ್ರದರ್ಶನ (ಹೋಟೆಲ್ ಕೋಣೆಗಳಲ್ಲೇ ಮಳಿಗೆ ಹಾಕಿ ದುಬಾರಿ ಸ್ಪೀಕರ್, ಆಂಪ್ಲಿಫೈಯರ್ ಕೇಳಿಸುವ ಮೇಳ) ನೋಡಲು ಹೊರಡುವವರು ರೈಲಿನ ಟಿಕೆಟಿಗಿಂತ ಮೊದಲು ಮನೆಯ ಚಾವಡಿಯನ್ನು ಅಳೆಯಬೇಕು. 5 ಮೀಟರಿನ ಟೇಪು ಸಾಕು. ಉದ್ದ, ಅಗಲ, ಎತ್ತರ, ಬಾಗಿಲು ಕಿಟಕಿಗಳ ಜಾಗ, ಕೂತು ಕೇಳುವ ಕುರ್ಚಿ ಹಿಂಗೋಡೆಯಿಂದ ಎಷ್ಟು ದೂರ, ಗೋಡೆ ಮುರಕಲ್ಲಿನದೋ ಇಟ್ಟಿಗೆಯದೋ, ಮೇಲೆ ಹಂಚಿನ ಮಾಡೋ ತಾರಸಿಯೋ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಪ್ರದರ್ಶನದಲ್ಲಿ ಯಾವ ಸ್ಪೀಕರನ್ನೂ ಅದೊಂದನ್ನೇ ಕೇಳಲಾಗುವುದಿಲ್ಲ. ಸ್ಪೀಕರ್ ಮತ್ತು ಆ ಹೋಟೆಲ್ ಕೋಣೆ ಎರಡೂ ಸೇರಿ ಕೇಳಿಸುತ್ತವೆ. ಕೋಣೆಯ ಪಾಲನ್ನು ಲೆಕ್ಕದಿಂದ ಕಳೆಯಲು ಗೊತ್ತಿಲ್ಲದಿದ್ದರೆ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆ ಮನೆಗೆ ಬಂದ ಮೇಲೆ ಬೇರೆಯದೇ ದನಿ ಹೊರಡಿಸುತ್ತದೆ.

ಆ ಲೆಕ್ಕ ಸುಲಭ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ ಆ ಉದ್ದಕ್ಕೆ ಯಾವ ಸ್ವರ ಉಬ್ಬಿ ನಿಲ್ಲುತ್ತದೆಂದು ಸಿಗುತ್ತದೆ. 6 ಮೀಟರ್ ಉದ್ದ, 4 ಮೀಟರ್ ಅಗಲದ ಹೋಟೆಲ್ ಕೋಣೆಯಲ್ಲಿ ಅದು 29 ಮತ್ತು 43 ಹರ್ಟ್ಸ್. 4.8 ಮತ್ತು 3.6 ಮೀಟರಿನ ಚಾವಡಿಯಲ್ಲಿ 36 ಮತ್ತು 48 ಹರ್ಟ್ಸ್. ಅಲ್ಲಿ ಹದವಾಗಿ ಕೇಳಿದ ಬೇಸ್, ಅಂದರೆ ತಗ್ಗಿನ ಸ್ವರ, ಇಲ್ಲಿ ಗುಂಯ್‌ಗುಡಲು ಇಷ್ಟು ವ್ಯತ್ಯಾಸವೇ ಸಾಕು. ಇದರ ಮೇಲೆ ಗೋಡೆಯ ಮಾತು ಬೇರೆ. ಹೋಟೆಲಿನ ಜಿಪ್ಸಮ್ ಹಲಗೆಯ ಗೋಡೆ ಬೇಸ್ ಸದ್ದಿಗೆ ಸ್ವಲ್ಪ ಅದುರಿ ಒಂದಷ್ಟನ್ನು ತಾನೇ ನುಂಗುತ್ತದೆ. ನಮ್ಮ ದಪ್ಪ ಮುರಕಲ್ಲಿನ ಗೋಡೆ, ಅದರಲ್ಲೂ ಗಾರೆ ಮಾಡಿದ್ದು, ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತದೆ. ಹಂಚಿನ ಮಾಡಿನ ಮನೆಯಲ್ಲಿ ಸಂದುಗಳಿಂದ ಬೇಸ್ ಹೊರಗೆ ಹೋಗುವುದರಿಂದ ಉಬ್ಬು ಕಡಿಮೆ, ಆದರೆ ಮಳೆ ಬಿದ್ದರೆ ಕೇಳುವುದು ನಿಂತಂತೆ. ತಾರಸಿ ಮನೆಯವರು ಪ್ರದರ್ಶನದಲ್ಲಿ ಬೇಸ್ ತುಸು ಕಡಿಮೆ ಅನ್ನಿಸುವ ಸ್ಪೀಕರಿಗೇ ಒಲಿಯುವುದು ಕ್ಷೇಮ.

ಎರಡನೆಯ ತಯಾರಿ ಸಂಗೀತದ್ದು. ಮಳಿಗೆಯವರು ಹಾಕುವ ತುಣುಕುಗಳು ಅವರ ಯಂತ್ರಕ್ಕೆ ಒಪ್ಪುವಂಥವು: ಒಂದು ಹೆಣ್ಣುದನಿ, ಒಂದು ಗಿಟಾರ್, ನಡುವೆ ಬೇಕಾದಷ್ಟು ಮೌನ. ನಿಮ್ಮ ಕಿವಿಗೆ ನಿಜವಾದ ಅಳತೆಗೋಲು ಬೇರೆ ಇದೆ. ತೆಂಕುತಿಟ್ಟು ಯಕ್ಷಗಾನದ ಚೆಂಡೆ, ಮದ್ದಳೆ, ಚಕ್ರತಾಳ, ಭಾಗವತರ ದನಿ ಇವನ್ನು ರಂಗಸ್ಥಳದ ಪಕ್ಕದಲ್ಲೇ ಕೂತು ಕೇಳಿದ ಊರಿನವರು ನಾವು. ಯಕ್ಷಗಾನದ ಆಟ ನಡೆಯುವ ಮೈದಾನದ ರೆಕಾರ್ಡಿಂಗ್ ಮಾತ್ರ ಬೇಡ. ಅದರಲ್ಲಿ ಧ್ವನಿವರ್ಧಕದ ಸದ್ದೇ ಸೇರಿರುತ್ತದೆ. ಮನೆಯಂಗಳದಲ್ಲಿ ಮೈಕಿಲ್ಲದೆ ನಡೆಯುವ ತಾಳಮದ್ದಳೆಯಲ್ಲಿ, ಕಲಾವಿದರ ಒಪ್ಪಿಗೆ ಪಡೆದು, ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರನ್ನು ಹಿಮ್ಮೇಳದಿಂದ 2ರಿಂದ 3 ಮೀಟರ್ ದೂರಕ್ಕೆ ಸ್ಟ್ಯಾಂಡಿನ ಮೇಲಿಡಿ. ತಾನೇ ಮಟ್ಟ ಏರಿಸಿ ಇಳಿಸುವ ಆಟೋ ಗೇನ್ ಆಫ್ ಮಾಡಲೇಬೇಕು. ಫೋನಿನ ರೆಕಾರ್ಡಿಂಗಿನಲ್ಲಿ ಚೆಂಡೆ ಸಪ್ಪೆಯಾಗುವುದು ಇದೇ ಕಾರಣಕ್ಕೆ: ಜೋರು ಪೆಟ್ಟು ಬಿದ್ದ ಕೂಡಲೇ ಅದು ಮಟ್ಟವನ್ನು ಕೆಳಗೆಳೆಯುತ್ತದೆ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಸುತ್ತ ನಿಲ್ಲುವಂತೆ ಗೇನ್ ಇಟ್ಟು, 24 ಬಿಟ್ 48 ಕಿಲೋಹರ್ಟ್ಸಿನಲ್ಲಿ ರೆಕಾರ್ಡ್ ಮಾಡಿ.

ಅದರಿಂದ ಒಂದೂವರೆ ನಿಮಿಷದ ಎರಡು ತುಣುಕು ಕತ್ತರಿಸಿ: ಚೆಂಡೆ ಏರುವ ಒಂದು ಭಾಗ, ಮದ್ದಳೆ ಮತ್ತು ಭಾಗವತಿಕೆ ಮಾತ್ರ ಇರುವ ಇನ್ನೊಂದು ಭಾಗ. ಜೊತೆಗೆ ನಿಮಗೆ ಬಾಯಿಪಾಠವಾದ ಮೂರೋ ನಾಲ್ಕೋ ಹಾಡು, ಕೊನೆಗೆ 20 ಸೆಕೆಂಡಿನ ಮೊನೊ ಪಿಂಕ್ ನಾಯ್ಸ್, ಅಂದರೆ ಎರಡೂ ಸ್ಪೀಕರಿಗೆ ಒಂದೇ ಆಗಿ ಹೋಗುವ, ಮಳೆಯ ಸುಯ್ಯಲಿನಂಥ ಪರೀಕ್ಷೆಯ ಸದ್ದು. ಪಿಂಕ್ ನಾಯ್ಸ್ ಎರಡು ಸ್ಪೀಕರುಗಳ ನಟ್ಟನಡುವಿನಿಂದ ಬರಬೇಕು. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ಚೆದುರಿದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ತಂತಿ ಅದಲುಬದಲಾಗಿದೆ. ರಾತ್ರಿಯೆಲ್ಲ ಜೋಡಿಸಿ ಬೆಳಿಗ್ಗೆ ಬಾಗಿಲು ತೆರೆಯುವ ಮಳಿಗೆಗಳಲ್ಲಿ ಇದು ಆಗಬಹುದಾದದ್ದೇ. ಮೆಲ್ಲಗೆ ಹೇಳಿ, ತಿದ್ದಿದ ಮೇಲೆ ಕೇಳಿ.

ಎಲ್ಲವನ್ನೂ ಸದ್ದಿನ ಗುಣ ಕಳೆಯದ ಫ್ಲ್ಯಾಕ್ ಫೈಲುಗಳಾಗಿ ಮಾಡಿ, ಹೆಸರಿನ ಮುಂದೆ 01, 02 ಎಂದು ಅಂಕೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡಿ. ಕನ್ನಡ ಅಕ್ಷರ ತೋರಿಸದ ಸ್ಟ್ರೀಮರುಗಳಿವೆ (ಫೈಲು, ಇಂಟರ್ನೆಟ್ ಸಂಗೀತ ನುಡಿಸುವ ಯಂತ್ರ). ಯುಎಸ್‌ಬಿ ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿರಲಿ. ಅದೇ ತುಣುಕುಗಳನ್ನು 16 ಬಿಟ್ 44.1 ಕಿಲೋಹರ್ಟ್ಸಿಗೆ ಇಳಿಸಿ ಒಂದು ಸಿಡಿಗೂ ಬರೆದು, ಬೇರೆ ಪ್ಲೇಯರಿನಲ್ಲೂ ಓಡುವಂತೆ ಫೈನಲೈಸ್ ಮಾಡಿ. ಡ್ರೈವ್ ಮುಟ್ಟದ ಮಳಿಗೆಯಲ್ಲಿ ಸಿಡಿ ಪ್ಲೇಯರ್ ಇರಬಹುದು. ಎರಡಕ್ಕೂ ಒಪ್ಪದೆ ಬ್ಲೂಟೂತಿನಲ್ಲಿ ಹಾಕಿ ಎಂದರೆ ಹಾಕಿ, ಆದರೆ ಅಲ್ಲಿ ಕೇಳಿದ ತಾಳದ ಝೇಂಕಾರದ ಬಗ್ಗೆ ತೀರ್ಮಾನ ಬೇಡ. ಬ್ಲೂಟೂತ್ ಸದ್ದನ್ನು ಒತ್ತಿ ಕಳಿಸುತ್ತದೆ.

ಪ್ರಯಾಣ ಹೆಚ್ಚು ತಲೆನೋವಿನದಲ್ಲ. ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ನಿಲ್ಲುತ್ತದೆ, ಮರುದಿನ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪಿಸುತ್ತದೆ. ಮತ್ಸ್ಯಗಂಧ ಹೊರಡುವುದು ಮಂಗಳೂರು ಸೆಂಟ್ರಲಿನಿಂದ, ಮಧ್ಯಾಹ್ನದ ನಂತರ. ಬೆಳಗ್ಗೆ ಅದೇ ಟರ್ಮಿನಸ್. ಪ್ರದರ್ಶನಕ್ಕೆ ಬೆಳಗ್ಗೆ ತಲುಪುವ ಮತ್ಸ್ಯಗಂಧವೇ ಅನುಕೂಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಬಸ್ಸಿಗೇನೂ ಬರವಿಲ್ಲ. ಆದರೆ ರೈಲಿನಲ್ಲಿ ಹೋಗುವವರು ತಾವು ಹತ್ತಿದ ಗಾಡಿ ಸೆಂಟ್ರಲಿಗೆ ಹೋಗುತ್ತದೆಯೋ ಜಂಕ್ಷನಿನಿಂದಲೇ ಮುಂದೆ ಸಾಗುತ್ತದೆಯೋ ನೋಡಿಕೊಳ್ಳಿ, ಎರಡರ ನಡುವೆ ಆಟೋ ಹಿಡಿಯಬೇಕಾಗುತ್ತದೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ. ಆ ತಿಂಗಳುಗಳಲ್ಲಿ ಹೋಗುವುದಾದರೆ ಒಂದು ದಿನ ಮೊದಲೇ ತಲುಪುವಂತೆ ನೋಡಿ.

ಪ್ರದರ್ಶನ ಅಂಧೇರಿ ಪೂರ್ವದ, ವಿಮಾನ ನಿಲ್ದಾಣದ ಸುತ್ತಿನ ಹೋಟೆಲಿನಲ್ಲಿದ್ದರೆ ಟರ್ಮಿನಸ್ಸಿನಿಂದ ಆಟೋದಲ್ಲಿ ಘಾಟ್‌ಕೋಪರ್, ಅಲ್ಲಿಂದ ವರ್ಸೋವಾ ಕಡೆಯ ಮೆಟ್ರೋದಲ್ಲಿ ಮರೋಳ್ ನಾಕಾ ಅಥವಾ ಚಕಾಲಾ. ಬೆಳಗಿನ ರಸ್ತೆಯಲ್ಲಿ ಸಿಕ್ಕಿಬೀಳುವುದಕ್ಕಿಂತ ಇದು ಲೇಸು. ಉಳಿಯಲು ಪ್ರದರ್ಶನದ ಹೋಟೆಲೇ ಬೇಕೆಂದಿಲ್ಲ, ಮೆಟ್ರೋ ದಾರಿಯಲ್ಲಿ ಸಾಧಾರಣ ಲಾಡ್ಜ್ ಸಾಕು. ಊಟಕ್ಕೆ ನಮ್ಮವರ ಉಡುಪಿ ಹೋಟೆಲುಗಳಿವೆ. ಗೊಂದಲವಾಗದಿರಲಿ ಎಂದು ಒಂದು ಮಾತು: ಗೋರೆಗಾಂವಿನ ಪಾಮ್ ಎಕ್ಸ್‌ಪೋ ವೇದಿಕೆ ಮತ್ತು ಸ್ಟುಡಿಯೋ ಸಲಕರಣೆಯದು. ಮೇಳಕ್ಕೋ ದೇವಸ್ಥಾನಕ್ಕೋ ಸೌಂಡ್ ಸಿಸ್ಟಮ್ ಬೇಕಾದವರಿಗೆ ಅದು ಸರಿಯಾದ ಜಾಗ, ಚಾವಡಿಯಲ್ಲಿ ಕೂತು ಕೇಳುವವರಿಗಲ್ಲ.

ಇನ್ನು ಪ್ರದರ್ಶನದೊಳಗೆ. ಸಾಮಾನ್ಯವಾಗಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸಿ. ಒಂದೂವರೆ ದಿನ ಸಾಕು, ಅದರಲ್ಲಿ ಶನಿವಾರ ಮಧ್ಯಾಹ್ನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರಿಡಾರಿನಲ್ಲಿ ಹತ್ತು ಬಾಗಿಲು ತೆರೆದಿರುತ್ತವೆ, ಒಂದರ ಬೇಸ್ ಇನ್ನೊಂದರೊಳಗೆ ನುಗ್ಗುತ್ತದೆ, ಜನ ತುಂಬಿದ ಕೋಣೆಯಲ್ಲಿ ಬಟ್ಟೆಬರೆಯೇ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತದೆ. ಬಾಗಿಲು ತೆರೆದ ಮೊದಲ ಒಂದು ಗಂಟೆಯೇ ಚಿನ್ನ. ಮೊದಲ ಸುತ್ತಿನಲ್ಲಿ ಎಲ್ಲ ಕೋಣೆಗೂ ಐದೈದು ನಿಮಿಷ ಕೊಟ್ಟು, ಮೂರೋ ನಾಲ್ಕೋ ಆಯ್ದು, ಮರುದಿನ ಬೆಳಗ್ಗೆ ಅವಕ್ಕೆ ಮಾತ್ರ ಇಪ್ಪತ್ತು ನಿಮಿಷ ಕೊಡಿ. ಮೊದಲ ದಿನ ಕೆಟ್ಟದಾಗಿ ಕೇಳಿದ ಕೋಣೆಗೆ ಕೊನೆಯ ದಿನ ಇನ್ನೊಮ್ಮೆ ಇಣುಕುವುದು ನ್ಯಾಯ. ಅಷ್ಟರಲ್ಲಿ ಅವರು ಸ್ಪೀಕರನ್ನು ಆಚೆಈಚೆ ಸರಿಸಿ ಹದಕ್ಕೆ ತಂದಿರುತ್ತಾರೆ.

ಎರಡನೇ ಸಾಲಿನ ನಡುಕುರ್ಚಿ ಹಿಡಿಯಿರಿ. ಹಿಂಗೋಡೆಗೆ ಒರಗಿ ಕೂತರೆ ಬೇಸ್ ಇರುವುದಕ್ಕಿಂತ ದಪ್ಪವಾಗಿ ಕೇಳುತ್ತದೆ. ಕೋಣೆಯ ಉದ್ದದ ಸರಿ ಮಧ್ಯದಲ್ಲಿ ಕೂತರೆ ಆ ಮೊದಲ ಉಬ್ಬಿನ ಸ್ವರ ಕಾಣೆಯಾಗುತ್ತದೆ. ಏಸಿಯನ್ನು ಎರಡು ನಿಮಿಷ ನಿಲ್ಲಿಸಲು ಕೇಳಿ. ತಂಬೂರಿಯ ಎಳೆ, ಶ್ರುತಿಪೆಟ್ಟಿಗೆಯ ಉಸಿರು ಅದರ ಗಾಳಿಯ ಸದ್ದಿನಡಿ ಮುಚ್ಚಿಹೋಗುತ್ತವೆ. ನಿಮ್ಮ ತುಣುಕು ಹಾಕಿಸಿದಾಗ ಕಿವಿ ಎಲ್ಲಿಡಬೇಕು? ಚೆಂಡೆಯಲ್ಲಿ ಕೋಲು ಚರ್ಮಕ್ಕೆ ತಾಗಿದ ಕ್ಷಣ, ಆಮೇಲಿನ ಚರ್ಮದ ಮೊಳಗು, ಎರಡೂ ಬೇರೆಬೇರೆಯಾಗಿ ಕೇಳಬೇಕು. ತಾಗಿದ್ದಷ್ಟೇ ಕೇಳಿ ಮೊಳಗು ಒಣಗಿದರೆ ಸ್ಪೀಕರಿನ ಮಧ್ಯಮ ಸ್ವರಭಾಗ ತೆಳು. ವೇಗದ ಉರುಳಿಕೆಯಲ್ಲಿ ಪೆಟ್ಟುಗಳು ಒಂದಕ್ಕೊಂದು ಅಂಟಿದರೆ, ಅದೂ ಮಟ್ಟ ಏರಿಸಿದಾಗ ಮಾತ್ರ ಅಂಟಿದರೆ, ಆಂಪ್ಲಿಫೈಯರ್ ಸಾಲುತ್ತಿಲ್ಲ ಅಥವಾ ಸ್ಪೀಕರ್ ಸುಸ್ತಾಗಿದೆ. ಮದ್ದಳೆಯ ಬಲದ ನಾದ ಭಾಗವತರ ಶ್ರುತಿಗೆ ಕೂಡಿ ನಿಲ್ಲಬೇಕು, ಎಡದ ಪೆಟ್ಟು ಬಿದ್ದು ಸುಮ್ಮನಾಗಬೇಕು. ಅದು ಎಳೆದುಕೊಂಡು ಹೋದರೆ ಕೋಣೆಯ ತಪ್ಪೋ ಪೆಟ್ಟಿಗೆಯ ತಪ್ಪೋ ತಿಳಿಯಲು ಎದ್ದು ಎರಡು ಹೆಜ್ಜೆ ಸರಿದು ಕೇಳಿ. ಜಾಗ ಬದಲಾದಂತೆ ಎಳೆತವೂ ಬದಲಾದರೆ ಕೋಣೆಯದು. ಗಂಡುದನಿ ಮಡಕೆಯೊಳಗಿಂದ ಬಂದ ಹಾಗಿದ್ದರೆ 100ರಿಂದ 200 ಹರ್ಟ್ಸ್ ನಡುವೆ ಉಬ್ಬಿದೆ ಎಂದರ್ಥ.

ಮಟ್ಟದ ವಿಷಯದಲ್ಲಿ ಗಟ್ಟಿಯಾಗಿರಿ. ಒಂದೇ ಡೆಸಿಬೆಲ್ ಜೋರಾದರೂ ಕಿವಿಗೆ ಅದೇ ಹೆಚ್ಚು ಚೆಂದ ಅನ್ನಿಸುತ್ತದೆ. ಫೋನಿನ ಸೌಂಡ್ ಮೀಟರ್ ಆಪ್ ನಿಖರವಲ್ಲದಿದ್ದರೂ ಅದೇ ಫೋನಿನಲ್ಲಿ ಎರಡು ಕೋಣೆಯನ್ನು ಹೋಲಿಸಲು ಸಾಕು, ಎರಡರಲ್ಲೂ ಸರಾಸರಿ 78ರ ಸುತ್ತ ಇಡಿಸಿ. ಕಿವಿಯ ಆರೋಗ್ಯಕ್ಕೂ ಇದೇ ದಾರಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿಯಂತೆ 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 100ಕ್ಕೆ ಬರೇ 15 ನಿಮಿಷ. ಕಿಸೆಯಲ್ಲಿ ಇಯರ್ ಪ್ಲಗ್ ಇರಲಿ. ಮುಕ್ಕಾಲು ಗಂಟೆ ಕೇಳಿದ ಮೇಲೆ ಹೊರಗೆ ಬಂದು ಕಿವಿಗೆ ಹತ್ತು ನಿಮಿಷ ವಿಶ್ರಾಂತಿ ಕೊಡಿ.

ಆಂಪ್ಲಿಫೈಯರ್ ಲೆಕ್ಕವನ್ನು ಅಲ್ಲೇ ಕೂತು ಮಾಡಿ. ಸ್ಪೀಕರಿನ ಸೆನ್ಸಿಟಿವಿಟಿ (1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಕೇಳುವ ಸದ್ದು) 87 ಡೆಸಿಬೆಲ್, ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 8 ಓಮ್ ಅನ್ನಿ. 3 ಮೀಟರ್ ದೂರಕ್ಕೆ, ಕೋಣೆಯೊಳಗೆ, ಸುಮಾರು 6 ಕಳೆಯಿರಿ. ಎರಡು ಸ್ಪೀಕರಿಗೆ 3 ಕೂಡಿಸಿ. ಅಂದರೆ 1 ವ್ಯಾಟಿಗೆ 84. ಸರಾಸರಿ 78ರಲ್ಲಿ ಕೇಳುವಾಗ ಚೆಂಡೆಯ ಪೆಟ್ಟು ಅದಕ್ಕಿಂತ 20 ಡೆಸಿಬೆಲ್ ಮೇಲೇರಬಹುದು, 98 ಬೇಕು. ಆ 14 ಡೆಸಿಬೆಲ್ಲಿಗೆ 25 ವ್ಯಾಟ್. 300ಬಿ ಎಂಬ ಗಾಜಿನ ವಾಲ್ವಿನ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್ ಕೊಡುವುದು 8 ವ್ಯಾಟ್ ಆಸುಪಾಸು, 93ಕ್ಕೇ ನಿಲ್ಲುತ್ತದೆ. ಪ್ರದರ್ಶನದಲ್ಲಿ ಅದು ಅದ್ಭುತವಾಗಿ ಕೇಳುವುದು 100 ಡೆಸಿಬೆಲ್ ಸುತ್ತಿನ ಸೆನ್ಸಿಟಿವಿಟಿಯ, ಕಹಳೆಬಾಯಿಯ ಹಾರ್ನ್ ಸ್ಪೀಕರಿನ ಜೊತೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡರೆ ಕೆಟ್ಟಿತು. 4 ಓಮಿನ ಸ್ಪೀಕರಿಗೆ 2.83 ವೋಲ್ಟಿನ ಅಂಕಿ ಕೊಟ್ಟಿದ್ದರೆ ಅದು 2 ವ್ಯಾಟಿನ ಅಂಕಿ, 3 ಕಳೆದೇ ಲೆಕ್ಕ ಶುರು ಮಾಡಿ.

ಕರಾವಳಿಯವರು ಕೇಳಲೇಬೇಕಾದ ಪ್ರಶ್ನೆಗಳನ್ನು ಮಹಾನಗರದ ಮಳಿಗೆಯವರು ತಾವಾಗಿ ಎತ್ತುವುದಿಲ್ಲ. ಸ್ಪೀಕರ್ ಕೋನಿನ ಸುತ್ತಿನ ಅಂಚು ಫೋಮಿನದೋ ರಬ್ಬರಿನದೋ? ಫೋಮು ನಮ್ಮ ಸೆಕೆ ತೇವಕ್ಕೆ ಬೇಗ ಪುಡಿಯಾಗುತ್ತದೆ. ಕೋನಿನ ಬದಲು ತೆಳು ಹಾಳೆ ಅದುರುವ ಎಲೆಕ್ಟ್ರೋಸ್ಟ್ಯಾಟಿಕ್ ಪ್ಯಾನೆಲ್ ಸ್ಪೀಕರುಗಳ ದನಿ ಮೋಹಕ, ನಿಜ. ಆದರೆ ಅವು ಸಾವಿರಾರು ವೋಲ್ಟಿನಲ್ಲಿ ದುಡಿಯುತ್ತವೆ, ತೇವದಲ್ಲಿ ವಿದ್ಯುತ್ ಸೋರಿ ದನಿ ಕುಗ್ಗುತ್ತದೆ. ಏಸಿಯಿಲ್ಲದ, ಸಮುದ್ರದ ಗಾಳಿ ಬೀಸುವ ಮನೆಗೆ ನಾವು ಅವನ್ನು ಶಿಫಾರಸು ಮಾಡುವುದಿಲ್ಲ. ಯಂತ್ರ 230 ವೋಲ್ಟಿನದೇ ಎಂದು ಹಿಂಬದಿಯ ಪಟ್ಟಿಯಲ್ಲಿ ಓದಿ. ಜಪಾನಿನ ಒಳಮಾರುಕಟ್ಟೆಯ ಮಾಲು 100, ಅಮೆರಿಕದ್ದು 120. ಮೂರು ಪಿನ್ನಿನ ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಮೊದಲು ಅದನ್ನು ಮಾಡಿಸಿ. ಅಕ್ಟೋಬರ್-ನವೆಂಬರಿನ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ಇಂಟರ್ನೆಟ್ ಕೇಬಲನ್ನೂ ಕೀಳಬೇಕು, ಸ್ಟ್ರೀಮರ್ ಸುಡುವುದು ಆ ದಾರಿಯಿಂದಲೂ ಹೌದು.

ಯುರೋಪಿನ ದೊಡ್ಡ ಪ್ರದರ್ಶನದ ಆಸೆಯಿರುವವರಿಗೆ: 2004ರಿಂದ 2025ರವರೆಗೆ ಮ್ಯೂನಿಕ್ಕಿನಲ್ಲಿ ನಡೆದ 'ಹೈ ಎಂಡ್' 2026ಕ್ಕೆ ವಿಯೆನ್ನಾಕ್ಕೆ ಹೋಗಿದೆ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಕೊನೆಯ ದಿನ ಮಧ್ಯಾಹ್ನ ಪ್ರದರ್ಶನದ ಮಾಲನ್ನು ರಿಯಾಯಿತಿಗೆ ಕೊಡುವವರಿರುತ್ತಾರೆ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು, ಮೂಲ ಪೆಟ್ಟಿಗೆ, ಭಾರತದ ವಿತರಕರ ವಾರಂಟಿ ಮೂರೂ ಇದ್ದರೆ ಮಾತ್ರ ಕೊಳ್ಳಿ. ಗಲ್ಫಿನಿಂದ ತರಿಸಿದರೆ ವೋಲ್ಟೇಜ್ ಸಾಮಾನ್ಯವಾಗಿ ಸರಿಹೋಗುತ್ತದೆ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ವಿತರಕರಲ್ಲಿ ಬರಹದಲ್ಲಿ ಕೇಳಿ. ರೈಲಿನ ಥರ್ಡ್ ಏಸಿಯಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತ. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಸೀಟಿನಡಿ ಹಿಡಿಯುತ್ತದೆ, ನೆಲದ ಮೇಲೆ ನಿಲ್ಲುವಂಥದ್ದನ್ನು ವಿತರಕರ ಹೊಣೆಯಲ್ಲೇ, ವಿಮೆ ಮಾಡಿಸಿ ಕಳಿಸಲು ಹೇಳಿ. ಟರ್ನ್‌ಟೇಬಲ್ ತರುವುದಾದರೆ ಮುಳ್ಳಿನ ಕವಚ ಹಾಕಿ, ಹಿಂಬದಿಯ ತೂಕ ಬಿಚ್ಚಿ, ರೆಕಾರ್ಡ್ ತಿರುಗಿಸುವ ತಟ್ಟೆಯಾದ ಪ್ಲ್ಯಾಟರ್ ತೆಗೆದು ಬೇರೆ ಸುತ್ತಿ, ತೋಳನ್ನು ಅದರ ಆಸರೆಗೆ ಮೆತ್ತಗಿನ ದಾರದಿಂದ ಕಟ್ಟಿ. ಪ್ಲ್ಯಾಟರ್ ಹಾಗೇ ಬಿಟ್ಟರೆ ಅದರ ಭಾರಕ್ಕೆ ಬೇರಿಂಗ್ ಏಟು ತಿನ್ನುತ್ತದೆ. ದೊಡ್ಡ ಸ್ಪೀಕರ್ ಕೊಳ್ಳುವ ಮುನ್ನ ಮನೆಯಲ್ಲಿ ಒಂದು ವಾರ ಕೇಳಿ ನೋಡುವ ಅವಕಾಶವನ್ನೋ, ಒಪ್ಪದಿದ್ದರೆ ಅದೇ ಬೆಲೆಗೆ ಬೇರೆ ಮಾದರಿ ಪಡೆಯುವ ಹಕ್ಕನ್ನೋ ಬಿಲ್ಲಿನ ಮೇಲೇ ಬರೆಸಿ ಸಹಿ ಹಾಕಿಸಿ, ಸಾಗಣೆ ವೆಚ್ಚ ಯಾರದೆಂಬುದನ್ನೂ ಸೇರಿಸಿ.