ಸಲ್ಗಾ ಇಳಿಜಾರಿನಲ್ಲಿ ಬ್ರೇಕ್ ಫೇಲಾಗುವ ಬಗೆ

ನಕುರು, ಕೀನ್ಯಾ
14 ಮಾರ್ಚ್ 2025, ಶುಕ್ರವಾರ

ದೊಡ್ಡ ಮಳೆ ಇನ್ನೇನು ಹಿಡಿದುಕೊಳ್ಳುವ ಹೊತ್ತು. ಮೇ ಕೊನೆಯವರೆಗೂ ನಕುರುವಿನಿಂದ ಪಶ್ಚಿಮಕ್ಕೆ ಸಲ್ಗಾ ದಾಟಿ ಮೌ ಸಮಿಟ್ ಏರುವ ರಸ್ತೆ ಒದ್ದೆ, ಬೆಳಗಿನ ಜಾವ ಮಂಜು. ಇಲ್ಲಿ ಲಾರಿ ಮಗುಚಿದಾಗಲೆಲ್ಲ ಎಲ್ಲರ ಬಾಯಲ್ಲೂ ಒಂದೇ ಕಾರಣ: ಬ್ರೇಕ್ ಫೇಲ್. ಒಳ್ಳೆಯ ಸ್ಥಿತಿಯಲ್ಲಿದ್ದ ಏರ್ ಬ್ರೇಕ್ (ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್) ಇದ್ದಕ್ಕಿದ್ದಂತೆ ಕೈಕೊಡುವುದು ಅಪರೂಪ. ಇಳಿಜಾರು ಸಿಗುವುದಕ್ಕೆ ಎಷ್ಟೋ ಮೊದಲೇ, ಗ್ಯಾರೇಜಿನಲ್ಲೋ ಲೋಡಿಂಗ್ ಜಾಗದಲ್ಲೋ ಗೇರ್ ಹಿಡಿದ ಕೈಯಲ್ಲೋ ಅದರ ಕತೆ ಮುಗಿದಿರುತ್ತದೆ.

ಮೊದಲು ರಸ್ತೆಯ ವಿಷಯ. ಮೊಂಬಾಸಾ ಬಂದರಿನಿಂದ ನೈರೋಬಿ, ನಕುರು, ಎಲ್ಡೊರೆಟ್ ದಾಟಿ ಉಗಾಂಡಾ ಗಡಿಯ ಮಲಾಬಾಗೆ ಹೋಗುವ ಈ ಹೆದ್ದಾರಿ 900 ಕಿ.ಮೀ.ಗೂ ಉದ್ದ. ಉಗಾಂಡಾ, ರುವಾಂಡಾ, ದಕ್ಷಿಣ ಸುಡಾನ್, ಕಾಂಗೋದ ಪೂರ್ವಭಾಗ, ಇಷ್ಟಕ್ಕೂ ಇದರ ಮೇಲೆ ಸರಕು ಹೋಗುತ್ತದೆ. ಹೊಸ ರೈಲು ಮಾರ್ಗ 2017ರಲ್ಲಿ ನೈರೋಬಿಗೆ, 2019ರಲ್ಲಿ ನೈವಾಶಾ ಕಡೆಗೆ ಬಂತು, ಅಲ್ಲಿಗೆ ನಿಂತಿತು. ಹಾಗಾಗಿ ರೈಲಿನಲ್ಲಿ ಬಂದ ಎಷ್ಟೋ ಕಂಟೇನರ್‌ಗಳು ಕೂಡ ಕೊನೆಗೆ ಲಾರಿ ಏರಿ ಇದೇ ಏರು ಹತ್ತಬೇಕು. ನಕುರು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸಲ್ಗಾ, ಸಾಚಾಂಗ್ವಾನ್ ಮೂಲಕ ಮೌ ಸಮಿಟ್‌ವರೆಗೆ ರಸ್ತೆ ಏರುತ್ತಲೇ ಹೋಗುತ್ತದೆ.

ಸಾವಿನ ಲೆಕ್ಕ ಶುರುವಾಗುವುದು ಇಲ್ಲಿಂದ. ಲೋಡ್ ಹೊತ್ತು ಏರುವ ಲಾರಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಹಿಂದೆ ಸಿಕ್ಕಿಕೊಂಡ ಬಸ್ಸಿನವನಿಗೆ, ಮಟಾಟು ಎಂಬ ಖಾಸಗಿ ಮಿನಿಬಸ್ಸಿನವನಿಗೆ ತಾಳ್ಮೆ ಇರುವುದಿಲ್ಲ, ಬಲಕ್ಕೆ ಎಳೆಯುತ್ತಾನೆ. (ನಮ್ಮಲ್ಲಿಯಂತೆ ಇಲ್ಲೂ ಎಡಬದಿಯ ಸಂಚಾರವೇ.) ಎದುರಿನಿಂದ ಇಳಿಯುವ ಲಾರಿ ಅದೇ ಹೊತ್ತಿಗೆ ನ್ಯೂಟ್ರಲ್‌ನಲ್ಲಿ ಧಾವಿಸುತ್ತಿರುತ್ತದೆ. ಎರಡೇ ಪಥದ ರಸ್ತೆಯಲ್ಲಿ ಇವರಿಬ್ಬರೂ ಒಂದೇ ಪಥಕ್ಕೆ ಬರುತ್ತಾರೆ. 2017ರ ಡಿಸೆಂಬರ್ 31ರ ನಸುಕಿನಲ್ಲಿ ಇದೇ ರಸ್ತೆಯ ಮಿಗಾ ಎಂಬಲ್ಲಿ ಬಸ್ಸು ಲಾರಿ ಎದುರುಬದುರು ಡಿಕ್ಕಿಯಾಗಿ 36 ಮಂದಿ ಸತ್ತರು. ಕೂಡಲೇ ರಾತ್ರಿ ಬಸ್ಸುಗಳನ್ನು ನಿಷೇಧಿಸಿದರು, ಆಮೇಲೆ ಆ ನಿಷೇಧ ತೆಗೆದರು. ನಿಜವಾಗಿ ಕೆಲಸಕ್ಕೆ ಬಂದದ್ದು ಆಮೇಲೆ ಈ ಭಾಗದಲ್ಲಿ ರಸ್ತೆ ಸೀಳಿ ನಡುವೆ ಹಾಕಿದ ಕಾಂಕ್ರೀಟ್ ಗೋಡೆ. ಚಾಲಕನ ಬುದ್ಧಿ ಬದಲಾಗಲಿ ಬಿಡಲಿ, ಅವನು ಎದುರಿನ ಪಥಕ್ಕೆ ಹೋಗಲಾರ. ವರ್ಷಗಟ್ಟಲೆ ಮಾಡಿದ ಉಪದೇಶಕ್ಕಿಂತ ಆ ಗೋಡೆ ಮೇಲು ಎಂದೇ ನನ್ನ ಅಭಿಪ್ರಾಯ. ಆದರೆ ಗೋಡೆ ತಡೆಯುವುದು ಎದುರುಬದುರು ಡಿಕ್ಕಿಯನ್ನು ಮಾತ್ರ. ಹತೋಟಿ ತಪ್ಪಿದ ಲಾರಿ ಮುಂದಿನ ವಾಹನದ ಬೆನ್ನಿಗೆ ಗುದ್ದುವುದು ಉಳಿದೇ ಇದೆ.

ನ್ಯೂಟ್ರಲ್ ಯಾಕೆ ಹಾಕುತ್ತಾರೆ? ಡೀಸೆಲ್ ಉಳಿಸಲು. ಉಳಿದದ್ದನ್ನು ದಾರಿಯಲ್ಲೇ ಇಳಿಸಿ ಮಾರುವವರೂ ಇದ್ದಾರೆ. ಇದರಲ್ಲಿ ತಮಾಷೆಯೆಂದರೆ, ಈಗಿನ ಎಲೆಕ್ಟ್ರಾನಿಕ್ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸರಬರಾಜನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಂತೆ ನೋಡಿಕೊಳ್ಳಲು ಡೀಸೆಲ್ ಸುಡಲೇಬೇಕು. ಹಳೆಯ ಕಾಲದ ಲೆಕ್ಕವನ್ನು ಹೊಸ ಗಾಡಿಗೂ ಹಚ್ಚುತ್ತಿದ್ದಾರೆ.

ಶೇಕಡಾ 5ರ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದ ಲೋಡ್ ಲಾರಿ 30 ಕಿ.ಮೀ. ವೇಗದಿಂದ 90ಕ್ಕೆ ಏರಲು ಮುಕ್ಕಾಲು ನಿಮಿಷ ಸಾಕು. ವೇಗ ಮೂರು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂಬತ್ತು ಪಟ್ಟು. ಆಗ ಮತ್ತೆ ಗೇರ್ ಹಾಕೋಣವೆಂದರೆ ಹಲ್ಲು ಕೂರುವುದಿಲ್ಲ, ಬರೀ ಕರಕರ. ಇನ್ನು ಉಳಿದದ್ದು ಕಾಲಡಿಯ ಬ್ರೇಕ್ ಒಂದೇ. ಇಂಜಿನ್ ಆರಿಸಿಯೇ ಬಿಡುವ ಮಹಾಶಯರೂ ಇದ್ದಾರೆ. ಅವರಿಗೆ ಪವರ್ ಸ್ಟಿಯರಿಂಗ್ ಇಲ್ಲ, ಗಾಳಿ ತುಂಬುವ ಕಂಪ್ರೆಸರ್ ಇಲ್ಲ. ಪ್ರತಿ ಸಲ ಒತ್ತಿದಾಗಲೂ ಟ್ಯಾಂಕಿನ ಗಾಳಿ ಇಳಿಯುತ್ತದೆ.

ಈಗ ಶಾಖ. ಪೂರ್ವ ಆಫ್ರಿಕಾ ಸಮುದಾಯದ ನಿಯಮದಂತೆ ಏಳು ಆಕ್ಸಲಿನ (ಚಕ್ರಗಳ ಅಚ್ಚಿನ) ಗಾಡಿಯ ಒಟ್ಟು ತೂಕ 56 ಟನ್ ಮೀರಬಾರದು. ಅಷ್ಟು ತೂಕ ಎತ್ತರದಲ್ಲಿ 100 ಮೀಟರ್ ಇಳಿದರೆ ಹೊರಬರುವ ಶಕ್ತಿ ಸುಮಾರು 55 ಮೆಗಾಜೂಲ್, ಅಂದರೆ 160 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಇಲ್ಲಿಯ ಇಳಿತ ನೂರಲ್ಲ, ನೂರಾರು ಮೀಟರ್. ಗೇರೂ, ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕೂ ಅದರ ಪಾಲು ಹೊರದಿದ್ದರೆ ಎಲ್ಲವೂ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿಗೆ. ಡ್ರಮ್ ಕಾದು ಹಿಗ್ಗಿ, ಒಳಗಿನಿಂದ ಅದನ್ನು ಒತ್ತುವ ಶೂನಿಂದ ದೂರ ಸರಿಯುತ್ತದೆ. ಶೂ ಮೇಲಿನ ಲೈನರಿನ ಅಂಟುರಾಳ ಬೆಂದು ಮೇಲ್ಮೈ ಗಾಜಿನಂತೆ ಹೊಳೆಯುತ್ತದೆ, ಹಿಡಿತ ಹೋಗುತ್ತದೆ. ಅಪಘಾತದ ನಂತರ ಬಿಚ್ಚಿದಾಗ ಡ್ರಮ್ಮಿನ ಒಳಮೈಯಲ್ಲಿ ನೀಲಿ ಕಲೆ, ಅಡ್ಡಡ್ಡ ಕೂದಲೆಳೆ ಬಿರುಕು ಕಂಡರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಗಾಳಿ ತುಂಬುವ ಬ್ರೇಕ್ ಚೇಂಬರಿನಿಂದ ಹೊರಬಂದು ಶೂಗಳನ್ನು ಒತ್ತಿಸುವ ಪುಶ್ ರಾಡ್‌ನ ಅಳತೆಯನ್ನು ಮಾತ್ರ ಯಾರೂ ಅಸಡ್ಡೆ ಮಾಡಬಾರದು. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾದ 30ನೇ ನಂಬರಿನ ಬ್ರೇಕ್ ಚೇಂಬರಿನಲ್ಲಿ ರಾಡ್ ಹೊರಬರಬಹುದಾದ ಒಟ್ಟು ದೂರ ಸುಮಾರು 63 ಮಿ.ಮೀ. ತಣ್ಣಗಿದ್ದಾಗ ಅದು 50 ಮಿ.ಮೀ. ದಾಟಿದರೆ ಹೊಂದಾಣಿಕೆ ತಪ್ಪಿದೆ ಎಂದರ್ಥ. ಯಾಕೆಂದರೆ ಡ್ರಮ್ ಕಾದಾಗ ಇನ್ನೂ ಹತ್ತು ಮಿ.ಮೀ. ಆಸುಪಾಸು ಹೆಚ್ಚು ಬೇಕಾಗುತ್ತದೆ. ರಾಡ್ ತನ್ನ ಕೊನೆ ಮುಟ್ಟಿ ನಿಂತುಬಿಡುತ್ತದೆ, ಶೂ ಡ್ರಮ್ಮನ್ನು ಒತ್ತುವುದೇ ಇಲ್ಲ. ಅಳೆಯುವುದು ಕಷ್ಟವೇನಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲೋ ಮರದ ದಿಮ್ಮಿಯೋ ಕೊಡಿ. ಟ್ಯಾಂಕ್ ತುಂಬಾ ಗಾಳಿ ತುಂಬಿಸಿ ಇಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಬಿಡಿ. ಚೇಂಬರಿನ ಬಾಯಿಯ ಹತ್ತಿರ ರಾಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಟರ್ನ್‌ಬಾಯ್ (ನಮ್ಮ ಕ್ಲೀನರ್) ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ, ಗೆರೆ ಎಷ್ಟು ಮುಂದೆ ಬಂತೆಂದು ಪಟ್ಟಿಯಲ್ಲಿ ನೋಡಿ. ಪ್ರತಿ ಚಕ್ರಕ್ಕೂ ಹೀಗೆ, ಟ್ರೇಲರ್ ಬಿಡದೆ. ತಾನಾಗಿ ಹೊಂದಿಕೊಳ್ಳುವ ಸ್ಲ್ಯಾಕ್ ಅಡ್ಜಸ್ಟರ್ (ಸಡಿಲು ಸರಿಪಡಿಸುವ ತೋಳು) ಇದ್ದೂ ಅಳತೆ ಹೆಚ್ಚು ಬಂದರೆ ಸ್ಪ್ಯಾನರ್ ಹಾಕಿ ತಿರುಗಿಸಿ ಕಳಿಸುವುದು ಅರೆಬರೆ ಕೆಲಸ. ಪಿನ್, ಶೂ ತಳ್ಳುವ ಕ್ಯಾಮ್‌ನ ಬುಷ್ ಸವೆದಿರಬೇಕು, ಇಲ್ಲವೇ ಅಡ್ಜಸ್ಟರೇ ಸತ್ತಿರಬೇಕು. ನಾಲ್ಕು ದಿನಕ್ಕೆ ಮತ್ತೆ ಅದೇ ಅಳತೆಗೆ ಬರುತ್ತದೆ.

ಟ್ರೇಲರಿನ ಬ್ರೇಕನ್ನು ಬೇಕೆಂದೇ ಸಡಿಲ ಬಿಡುವವರಿದ್ದಾರೆ, ಟೈರ್ ಸವೆಯುತ್ತದೆಂದು. ಆಗ ಹಿಂದಿನ ಮೂರು ಆಕ್ಸಲಿನ ಭಾರವನ್ನೂ ಮುಂದಿನ ಗಾಡಿಯೇ ತಡೆಯಬೇಕು. ಮಳೆಯಲ್ಲಿ ಟ್ರೇಲರ್ ಮುಂದಕ್ಕೆ ನೂಕಿ ಮಡಚಿಕೊಳ್ಳುವುದೂ ಇದರಿಂದಲೇ.

ಇಳಿಯುವ ಕ್ರಮ ಇಷ್ಟೇ. ನೆತ್ತಿ ದಾಟುವ ಮುನ್ನವೇ ಗೇರ್ ಇಳಿಸಿರಬೇಕು. ಎಕ್ಸಾಸ್ಟ್ ಬ್ರೇಕ್ ಹಾಕಿ, ವೇಗ ತಾನಾಗಿ ಏರದಂಥ ಗೇರ್ ಯಾವುದೋ ಅದು. ನಿಗದಿ ಮಾಡಿಕೊಂಡ ವೇಗ ಮುಟ್ಟಿದಾಗ ಗಟ್ಟಿಯಾಗಿ ಒತ್ತಿ ಎಂಟು ಹತ್ತು ಕಿ.ಮೀ. ತಗ್ಗಿಸಿ, ಪೂರ್ತಿ ಬಿಡಬೇಕು. ಹಗುರಾಗಿ ಕಾಲಿಟ್ಟುಕೊಂಡೇ ಇಳಿದರೆ, ಎಲ್ಲ ಚಕ್ರಗಳಿಗೂ ಗಾಳಿ ಸಮನಾಗಿ ಹೋಗದೆ ಎರಡು ಮೂರು ಡ್ರಮ್ ಮಾತ್ರ ಬೇಯುತ್ತವೆ. ಗಾಡಿ ಖಾಲಿಯಿದ್ದು ರಸ್ತೆ ಒದ್ದೆಯಿದ್ದರೆ ಎಕ್ಸಾಸ್ಟ್ ಬ್ರೇಕ್ ಬಳಸದೆ ಇನ್ನೂ ಕೆಳಗಿನ ಗೇರಿನಲ್ಲೇ ಬನ್ನಿ, ಬಳಸಿದರೆ ಹಿಂದಿನ ಚಕ್ರ ಜಾರುತ್ತದೆ. ಸುಟ್ಟ ವಾಸನೆ ಬಂದರೆ ಸಲ್ಗಾ ತಲುಪಿ ನೋಡೋಣವೆನ್ನದೆ ಅಲ್ಲೇ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ. ಕೆಂಡವಾದ ಡ್ರಮ್ಮಿಗೆ ಪಾರ್ಕಿಂಗ್ ಬ್ರೇಕ್ ಕಚ್ಚಿಸಬೇಡಿ, ನೀರಂತೂ ಸುರಿಯಲೇಬೇಡಿ, ಬಿರಿಯುತ್ತದೆ.

ತೂಕದ ಬಗ್ಗೆ ಒಂದು ಮಾತು. ಮರಿಯಾಕನಿ, ಅಥಿ ರಿವರ್, ಗಿಲ್ಗಿಲ್, ವೆಬುಯೆಗಳಲ್ಲಿ ಲಾರಿ ತೂಗುವ ವೇಬ್ರಿಜ್‌ಗಳಿವೆ. ಒಟ್ಟು ತೂಕ ಸರಿಯಿದ್ದೂ ಗಾಡಿ ಸಿಕ್ಕಿಬೀಳುವುದು ಆಕ್ಸಲ್ ಲೆಕ್ಕದಲ್ಲಿ: ಸ್ಟಿಯರಿಂಗ್ ಆಕ್ಸಲಿಗೆ 8 ಟನ್, ಜೋಡಿ ಆಕ್ಸಲಿಗೆ 18, ಮೂರರ ಗುಂಪಿಗೆ 24. ಸರಕನ್ನೆಲ್ಲ ಹಿಂದಕ್ಕೆ ಪೇರಿಸಿದರೆ ಮುಗಿಯಿತು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಹತ್ತಿರ ಏರುತ್ತದೆ, ಅಂದರೆ ಶೇಕಡಾ 20 ಹೆಚ್ಚುವರಿ ಭಾರಕ್ಕೆ ಹಾನಿ ಎರಡು ಪಟ್ಟು. ನಿಧಾನವಾಗಿ ಏರುವ ಪಥದಲ್ಲೇ ಡಾಂಬರು ಒತ್ತಿಕೊಂಡು ಚಕ್ರದ ಕಾಲುವೆ ಬೀಳುತ್ತದೆ, ಮಳೆಗೆ ನೀರು ನಿಲ್ಲುತ್ತದೆ. ಅದನ್ನು ತಪ್ಪಿಸಲು ಚಾಲಕರು ಬಲಕ್ಕೆ ಸರಿದು ನಡೆಸುತ್ತಾರೆ.

ಮಟಾಟು ಬಗ್ಗೆ ಬರೆಯಲು ಹೊರಟರೆ ಮುಗಿಯದು. 2004ರಲ್ಲಿ ಸಾರಿಗೆ ಸಚಿವ ಜಾನ್ ಮಿಚುಕಿ ತಂದ ನಿಯಮಗಳು, ಅಂದರೆ 80 ಕಿ.ಮೀ.ಗೆ ವೇಗ ನಿಯಂತ್ರಕ, ಪ್ರತಿ ಸೀಟಿಗೂ ಬೆಲ್ಟ್, ಹಳದಿ ಪಟ್ಟಿ, ಮೊದಮೊದಲು ಚೆನ್ನಾಗಿ ನಡೆದವು. ನಿಯಂತ್ರಕಕ್ಕೆ ಗುಟ್ಟಾಗಿ ಒಂದು ಸ್ವಿಚ್ ಹಾಕುವುದು ಮೆಕ್ಯಾನಿಕ್‌ಗಳು ಕಲಿತ ಮೇಲೆ ಸಡಿಲವಾದವು. ಮಾಲೀಕನಿಗೆ ದಿನದ ಗುತ್ತಿಗೆ ಹಣ ಕಟ್ಟಿ ಮಿಕ್ಕಿದ್ದು ಚಾಲಕ, ಕಂಡಕ್ಟರಿಗೆ ಎಂಬ ಪದ್ಧತಿ ಇರುವಷ್ಟು ದಿನ ಓಟದ ಆಸೆ ಹೋಗದು. ‘ಚಾಲಕ ಅಡ್ಡಾದಿಡ್ಡಿ ಓಡಿಸಿದರೆ ಗದರಿಸಿ’ ಎಂಬ ಅರ್ಥದ ಸ್ಟಿಕರ್‌ಗಳನ್ನು ಮಟಾಟುಗಳ ಒಳಗೆ ಅಂಟಿಸಿ ಸಂಶೋಧಕರು ಪರೀಕ್ಷೆ ಮಾಡಿದಾಗ ಮಾತ್ರ ವಿಮಾ ಕ್ಲೇಮುಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಖರ್ಚು ಕಾಗದದ್ದು.

ಕೊನೆಗೆ ರಸ್ತೆಬದಿ. 2009ರ ಜನವರಿ 31ರಂದು ಸಾಚಾಂಗ್ವಾನ್‌ನಲ್ಲಿ ಉರುಳಿದ ಟ್ಯಾಂಕರಿನ ಇಂಧನ ತುಂಬಿಕೊಳ್ಳಲು ಸೇರಿದ ನೂರಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನ ಕಡೆ ಹರಿಯುತ್ತದೆ. ಕಿಡಿ ಟ್ಯಾಂಕರಿನ ಹತ್ತಿರವೇ ಇರಬೇಕೆಂದಿಲ್ಲ. 2023ರ ಜೂನ್ 30ರಂದು ಕೆರಿಚೊ ದಾರಿಯ ಲೊಂಡಿಯಾನಿ ಜಂಕ್ಷನ್‌ನಲ್ಲಿ ಹತೋಟಿ ತಪ್ಪಿದ ಕಂಟೇನರ್ ಲಾರಿ ತರಕಾರಿ ಮಾರುವವರ, ಬಸ್ಸಿಗೆ ಕಾದವರ ಮೇಲೆ ನುಗ್ಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕೂಡಲೇ ಅಂಗಡಿ ಎಬ್ಬಿಸುವ ಆದೇಶ ಬಂತು. ಗಿರಾಕಿ ಇಳಿಯುವುದು ಹೆದ್ದಾರಿಯಲ್ಲಾದರೆ ಅಂಗಡಿ ಬಂದು ಕೂರುವುದೂ ಅಲ್ಲೇ. ಬಸ್ ನಿಲ್ದಾಣವನ್ನು ಇಳಿಜಾರಿನ ಬುಡದಿಂದ ತೆಗೆದು, ಗೋಡೆಯ ಮರೆಯ ಪಕ್ಕದ ರಸ್ತೆಗೆ ಸರಿಸಿದರೆ ಸಂತೆಯೂ ಹಿಂದೆಯೇ ಬರುತ್ತದೆ. ನೈರೋಬಿಯ ಹೊರಗಿನ ರಿರೋನಿಯಿಂದ ಮೌ ಸಮಿಟ್‌ವರೆಗೆ ರಸ್ತೆ ಅಗಲಿಸುವ ಮಾತು ವರ್ಷಗಳಿಂದ ಇತ್ತು, 2025ರ ಕೊನೆಯಲ್ಲಿ ಕೆಲಸ ಶುರುವಾಯಿತು. ನಕ್ಷೆಯಲ್ಲಿ ಪಥ ಎಷ್ಟು ಎಂಬುದಕ್ಕಿಂತ ಮೊದಲು ಬಸ್ ನಿಲ್ಲುವ ಜಾಗ ಎಲ್ಲಿ ಬರೆದಿದ್ದಾರೆಂದು ನೋಡಬೇಕು.