ಹಳ್ಳದ ಆಚೆ ದಡದ ಹುಂಜ

ಬೆಳಗಿನ ಜಾವ ನಾಲ್ಕೂಕಾಲಿಗೆ ಕಾರು ನಿಲ್ಲಿಸಿದಾಗ ಅಲ್ಲಿ ಆಗಲೇ ಮೂರು ಪಿಕಪ್‌ಗಳು ನಿಂತಿದ್ದವು. ಎರಡು ವಾರ ನಕ್ಷೆ ನೋಡಿ ನಾನು ಗುರುತು ಮಾಡಿಕೊಂಡಿದ್ದ ಗುಡ್ಡಕ್ಕೆ ಇದೇ ದಾರಿ. ಮೂರು ಕೋವಿ ಹೋಗಿರುವ ಕಡೆ ಕತ್ತಲಲ್ಲಿ ನಾಲ್ಕನೆಯದು ನುಗ್ಗಬಾರದು. ಕಾರು ತಿರುಗಿಸಿದೆ.

ಇದು ವಿಸ್ಕಾನ್ಸಿನ್ ರಾಜ್ಯದ ಕಿಕಾಪೂ ಕಣಿವೆ. ನಾನಿರುವ ಮ್ಯಾಡಿಸನ್‌ನಿಂದ ಸುಮಾರು ಎರಡು ಗಂಟೆ ದಾರಿ. ನಾಲ್ಕು ವರ್ಷದಿಂದ ಸಹೋದ್ಯೋಗಿಯೊಬ್ಬರ ಜಮೀನಿನಲ್ಲಿ ಕಾಡು ಟರ್ಕಿ ಎಂಬ ಕೋಳಿ ಜಾತಿಯ ದೊಡ್ಡ ಹಕ್ಕಿಯ ಬೇಟೆ ಆಡುತ್ತಿದ್ದೆ. ಹುಂಜ ಯಾವ ಓಕ್ ಮರದಲ್ಲಿ ರಾತ್ರಿ ಕೂರುತ್ತದೆ, ಬೆಳಗ್ಗೆ ಯಾವ ಬೇಲಿ ಸಂದಿಯಲ್ಲಿ ನುಸುಳುತ್ತದೆ, ಎಲ್ಲ ಗೊತ್ತಿತ್ತು. ಈ ವರ್ಷ ಆ ಜಮೀನು ಮಾರಾಟವಾಯಿತು. ವಸಂತದ ಬೇಟೆಗೆ ಇಲ್ಲಿ ಏಳೇಳು ದಿನದ ಆರು ಸರದಿ. ನನ್ನ ಪರ್ಮಿಟ್ ಎರಡನೇ ಸರದಿಯದು, ಏಪ್ರಿಲ್ ಕೊನೆಯ ವಾರ. ಉಳಿದದ್ದು ಎಲ್ಲರಿಗೂ ಸೇರಿದ ಕಾಡು, ನಾನು ಒಮ್ಮೆಯೂ ಕಾಲಿಡದ ಕಾಡು.

ಹಿಂದಿನ ರಾತ್ರಿ ನಮ್ಮೂರು ಸಾಗರಕ್ಕೆ ಫೋನ್ ಮಾಡಿದ್ದೆ. ಅಪ್ಪಯ್ಯ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ನಿನ್ನ ಅಜ್ಜ ಹೊಸ ಕಾಡಿಗೆ ಹೋದ್ರೆ ಮೊದಲ ದಿನ ಕೋವಿನೇ ತಗಂಡು ಹೋಗ್ತಿರ್ಲಿಲ್ಲ ಮಾರಾಯ. ಸುಮ್ನೆ ತಿರುಗಿ ಬರ್ತಿದ್ರು." ಅಜ್ಜ ಶಿಕಾರಿ ಬಿಟ್ಟಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ. ಅವರ ಕೋವಿ ಬೆಳೆ ಕಾಯುವ ಲೈಸೆನ್ಸಿನಲ್ಲಿ ಗೋಡೆ ಮೇಲೆ ಉಳಿಯಿತು. ನಾನು ಅವರಿಂದ ಮರಸು ಕೂರುವ, ಅಂದರೆ ಅಡಗಿ ಕೂತು ಪ್ರಾಣಿಗೆ ಕಾಯುವ ಕತೆ ಕೇಳಿದ್ದೇನೆ, ಕೋವಿ ಹಿಡಿದದ್ದು ಇಲ್ಲಿಗೆ ಬಂದ ಮೇಲೆ, ಬೇಟೆಗಾರರ ಕ್ಲಾಸು ಮುಗಿಸಿ. ಮೊದಲ ದಿನ ಸುಮ್ನೆ ತಿರುಗುವ ಪುರುಸೊತ್ತು ನನಗಿರಲಿಲ್ಲ. ಶನಿವಾರ, ಭಾನುವಾರ, ಎರಡೇ ದಿನ ರಜೆ.

ಎರಡನೇ ಜಾಗದಲ್ಲಿ ಯಾರೂ ಇರಲಿಲ್ಲ. ಹೆಡ್‌ಲ್ಯಾಂಪ್ ಹಾಕಿಕೊಂಡು ಇಳಿದೆ. ನಕ್ಷೆಯಲ್ಲಿ ತೆಳ್ಳನೆಯ ನೀಲಿ ಗೆರೆಯಂತಿದ್ದ ಹಳ್ಳ, ವಾರವಿಡೀ ಸುರಿದ ಮಳೆಗೆ ತೊಡೆಮಟ್ಟ ಏರಿತ್ತು. ದಾಟುವ ಜಾಗ ಹುಡುಕುತ್ತಾ ದಡದಗುಂಟ ಅರ್ಧ ಗಂಟೆ ಹೋಯಿತು. ಕೊನೆಗೆ ಕೋವಿಯನ್ನು ತಲೆ ಮೇಲೆ ಹಿಡಿದು ಇಳಿದೆ. ಹಿಮ ಕರಗಿ ಹೆಚ್ಚು ದಿನವಾಗಿರಲಿಲ್ಲ, ಆ ನೀರು ಮೂಳೆಗೇ ಇಳಿಯಿತು. ಬೂಟು ತುಂಬಿತು. ಆಚೆ ಗುಡ್ಡ ಬಲು ಕಡಿದು. ಹಿಮಯುಗದಲ್ಲಿ ಸುತ್ತಲಿನ ನಾಡನ್ನೆಲ್ಲ ಉಜ್ಜಿ ಸಪಾಟು ಮಾಡಿದ ಹಿಮನದಿಗಳು ಈ ಮೂಲೆಗೆ ಮಾತ್ರ ಬರಲಿಲ್ಲ. ಹಾಗಾಗಿ ಇಲ್ಲಿ ಮಲೆನಾಡಿನ ಹಾಗೆಯೇ ಒತ್ತೊತ್ತಾಗಿ ಗುಡ್ಡ, ನಡುವೆ ಇಕ್ಕಟ್ಟು ಕಣಿವೆ. ನಕ್ಷೆಯಲ್ಲಿ ಬೆರಳಗಲ ಕಂಡದ್ದನ್ನು ಏರಲು ಮುಕ್ಕಾಲು ಗಂಟೆ ಬೇಕಾಯಿತು.

ಅರ್ಧ ಏರುವಷ್ಟರಲ್ಲಿ ಬೆಳಕು ಹರಿಯತೊಡಗಿತು. ಎಲ್ಲೋ ಗೂಬೆ ಕೂಗಿತು. ಕೂಡಲೇ ಎದುರು ಗುಡ್ಡದಿಂದ ಉತ್ತರ ಬಂತು. ಗಳಗಳಗಳ ಎಂದು ಉರುಳುವ ಆ ಕೂಗು. ಹುಂಜ ಮರದ ಮೇಲಿತ್ತು, ನಾನು ಈಗಷ್ಟೇ ಬಿಟ್ಟು ಬಂದ ದಡದ ಕಡೆಗೆ!

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕೂಗು ಕೇಳಿದರೆ ನನಗೆ ಪ್ರತಿ ಸಲವೂ ಎದೆ ಜುಂ ಎನ್ನುತ್ತದೆ. ವಿಸ್ಕಾನ್ಸಿನ್‌ನಲ್ಲಿ ಕೊನೆಯ ಕಾಡು ಟರ್ಕಿ ಕಂಡದ್ದು 1881ರಲ್ಲಿ. ಕಾಡು ಕಡಿದರು, ಮಿತಿಯಿಲ್ಲದೆ ಕೊಂದರು, ಮುಗಿದೇಹೋಯಿತು. ಹತ್ತಿರ ಹತ್ತಿರ ನೂರು ವರ್ಷ ಈ ಗುಡ್ಡಗಳು ಈ ದನಿ ಕೇಳಲಿಲ್ಲ. 1976ರಲ್ಲಿ ಮಿಸ್ಸೂರಿ ರಾಜ್ಯದಿಂದ ಹಕ್ಕಿಗಳನ್ನು ಹಿಡಿದು ತಂದು ಬಿಟ್ಟರು, ಇದೇ ವರ್ನನ್ ಕೌಂಟಿಯಲ್ಲಿ. ಬದಲಿಗೆ ಇಲ್ಲಿಂದ ಗ್ರೌಸ್ ಎಂಬ ಕಾಡಿನ ಹಕ್ಕಿಯನ್ನು ಮಿಸ್ಸೂರಿಗೆ ಕೊಟ್ಟರು. 1983ರಲ್ಲಿ ಮತ್ತೆ ಬೇಟೆಗೆ ಬಿಡುವಷ್ಟು ಹೆಚ್ಚಿದವು. ಬೇಟೆಗಾರರೇ ಲೈಸೆನ್ಸಿಗೆ ಕೊಡುವ ದುಡ್ಡು ಹೀಗೆ ಕಾಡಿಗೆ ಮರಳುವುದು ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ಸಂಗತಿ.

ದೊಡ್ಡ ಮೇಪಲ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಭುಜಕ್ಕಿಂತ ಅಗಲದ ಮರವೇ ಬೇಕು, ಹಿಂದಿನಿಂದ ಯಾರಾದರೂ ಈಡು ಹೊಡೆದರೆ ಅದು ತಡೆಯುತ್ತದೆ. ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೇಂಟೆಯ ಹಾಗೆ ಮೆಲ್ಲಗೆ ಕೂಗಿಸಿದೆ. ಹುಂಜ ಉತ್ತರ ಕೊಟ್ಟಿತು. ಇನ್ನೊಮ್ಮೆ ಕರೆದೆ. ಆಗ ಮೇಲಿನಿಂದ ಇನ್ನೊಂದು ಹೇಂಟೆಯ ದನಿ ಬಂತು. ಒಂದೇ ತಾಳ, ಒಂದೇ ಅಳತೆ. ಹೇಂಟೆ ಹಾಗೆ ಲೆಕ್ಕ ಹಾಕಿ ಕೂಗುವುದಿಲ್ಲ, ಅದು ಮನುಷ್ಯ. ದನಿ ಹತ್ತಿರವಾಗುತ್ತಿತ್ತು. ನನ್ನನ್ನೇ ಹಕ್ಕಿ ಅಂದುಕೊಂಡು ಅವರು ಇಳಿದು ಬರುತ್ತಿದ್ದರು.

ಇಂಥ ಹೊತ್ತಿನಲ್ಲಿ ಕೈ ಬೀಸಬಾರದು, ಏಳಬಾರದು, ಅಲುಗಲೂಬಾರದು ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಅಲುಗಿದ್ದೇ ಹಕ್ಕಿಯ ಹಾಗೆ ಕಾಣುತ್ತದೆ. ಹುಂಜದ ತಲೆಯ ಬಣ್ಣಗಳು ಕೆಂಪು, ಬಿಳಿ, ನೀಲಿ. ಅದಕ್ಕೇ ಈ ಬೇಟೆಗೆ ಆ ಮೂರು ಬಣ್ಣದ ಕರ್ಚೀಫು ಕೂಡ ತರುವಂತಿಲ್ಲ. ಕೂತಲ್ಲೇ ಗಟ್ಟಿಯಾಗಿ, "ಇಲ್ಲಿ ಮನುಷ್ಯ ಇದ್ದೇನೆ" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಇಪ್ಪತ್ತು ಮಾರು ದೂರದ ಪೊದೆಯ ಹಿಂದೆ ಒಬ್ಬ ಹುಡುಗ ನಿಂತ. ಮುಖ ಬಿಳುಚಿಕೊಂಡಿತ್ತು. ಕ್ಷಮೆ ಕೇಳಿದ, ಕೋವಿಯನ್ನು ನೆಲಕ್ಕೆ ಮುಖ ಮಾಡಿ ಹಿಡಿದು ಬಂದ ದಾರಿಯಲ್ಲೇ ಹೋದ. ಅವನ ಮೇಲೆ ನನಗೆ ಕೋಪವಿಲ್ಲ, ಅವನಿಗೂ ಆ ಕಾಡು ಹೊಸದೇ ಇರಬೇಕು. ಆದರೆ ನನ್ನ ಕೈ ಎಷ್ಟೋ ಹೊತ್ತು ನಡುಗುತ್ತಿತ್ತು. ಹುಂಜ ಸುಮ್ಮನಾಯಿತು.

ಎಂಟರಿಂದ ಹತ್ತರವರೆಗೆ ಮಳೆ. ಒದ್ದೆ ಸಾಕ್ಸಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ತಿರುಗಿದೆ. ಪ್ಯಾಂಟಿನಿಂದ ನಾಲ್ಕು ಉಣುಗು ಕಿತ್ತೆ. ಉಣುಗು ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಭಯ, ಇಲ್ಲಿ ಲೈಮ್ ಕಾಯಿಲೆಯದು.

ಮಳೆ ನಿಂತಾಗ ಹಳ್ಳದ ಹತ್ತಿರ ಸ್ವಲ್ಪ ಸಮನಾದ ಜಾಗಕ್ಕೆ ಬಂದಿದ್ದೆ. ಕಾಡಿನ ನಡುವೆ ಹಳದಿ ಡ್ಯಾಫೊಡಿಲ್ ಹೂ ಸಾಲಾಗಿ ಅರಳಿದ್ದವು. ಕಾಡುಹೂ ಸಾಲಾಗಿ ಹುಟ್ಟುವುದಿಲ್ಲ, ಅಲ್ವಾ? ಪಕ್ಕದಲ್ಲಿ ಚಿಗುರುತ್ತಿದ್ದ ಲೈಲಾಕ್ ಗಿಡ. ಎಲೆ ಸರಿಸಿದರೆ ಹಳೆಯ ಮನೆಯೊಂದರ ಕಲ್ಲಿನ ಪಂಚಾಂಗ.

ಈ ಕಣಿವೆಯ ಕತೆ ಓದಿಕೊಂಡೇ ಬಂದಿದ್ದೆ. 1962ರಲ್ಲಿ ಇಲ್ಲಿ ಅಣೆಕಟ್ಟಿಗೆ ಒಪ್ಪಿಗೆ ಸಿಕ್ಕಿತು. ನೂರಕ್ಕೂ ಹೆಚ್ಚು ಕುಟುಂಬಗಳು ಜಮೀನು, ಮನೆ ಬಿಟ್ಟು ಹೋದವು. 1975ರಲ್ಲಿ ಕೆಲಸ ನಿಂತೇಹೋಯಿತು. ಲಾ ಫಾರ್ಜ್ ಊರಿನ ಹತ್ತಿರ ನೂರಡಿ ಮೀರಿದ ಕಾಂಕ್ರೀಟ್ ಗೋಪುರ ಈಗಲೂ ಒಂಟಿಯಾಗಿ ನಿಂತಿದೆ. ನೀರು ಬರಲಿಲ್ಲ, ಜನವೂ ವಾಪಸ್ ಬರಲಿಲ್ಲ. ಆ 8,500ಕ್ಕೂ ಹೆಚ್ಚು ಎಕರೆ ಈಗ ರಾಜ್ಯದ್ದು ಮತ್ತು ಈ ನೆಲದ ಮೂಲದವರಾದ ಹೋ-ಚಂಕ್ ಜನರದ್ದು. ಓದಿದ್ದು ಬೇರೆ, ಆ ಪಂಚಾಂಗದ ಕಲ್ಲಿನ ಮೇಲೆ ಕೂತು ಅವಲಕ್ಕಿ ತಿನ್ನುವುದು ಬೇರೆ. ನನ್ನ ಅಜ್ಜಿಯ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿ ಇದೆ. ಅಜ್ಜಿ ಕೊನೆಯವರೆಗೂ ಆ ಮನೆಯ ಹಿತ್ತಿಲಿನ ಗಿಡಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಿದ್ದರು. ಇಲ್ಲಿ ಗಿಡಗಳಿದ್ದವು, ಹೇಳುವವರು ಇರಲಿಲ್ಲ.

ಅಲ್ಲೇ ಪಂಚಾಂಗದ ಕಲ್ಲಿಗೆ ಒರಗಿ ಒಮ್ಮೆ ಸ್ಲೇಟ್ ಉಜ್ಜಿದೆ. ಹನ್ನೊಂದರ ಹೊತ್ತಿಗೆ ಹೇಂಟೆಗಳು ಗೂಡಿಗೆ ಹೋಗುತ್ತವೆ, ಹುಂಜ ಒಂಟಿಯಾಗುತ್ತದೆ. ಇಪ್ಪತ್ತು ನಿಮಿಷದ ಮೇಲೆ ಕಿವಿಗಿಂತ ಮೊದಲು ಎದೆಗೆ ತಾಗುವ ಗುಂಯ್ ಶಬ್ದ. ಆಚೆ ದಡದಲ್ಲಿ ಹುಂಜ ಬಾಲ ಬೀಸಣಿಗೆಯಂತೆ ಬಿಚ್ಚಿ ನಿಂತಿತ್ತು. ಬಿಸಿಲಿಗೆ ಗರಿಗಳು ತಾಮ್ರದಂತೆ ಮಿನುಗಿದವು. ಅರವತ್ತು ಗಜ ಇರಬಹುದು. ನಲವತ್ತು ದಾಟಿದರೆ ನಾನು ಹೊಡೆಯುವುದಿಲ್ಲ, ಗಾಯಗೊಂಡ ಹಕ್ಕಿ ಕಾಡಿನಲ್ಲಿ ನರಳಿ ಸಾಯುತ್ತದೆ. ಅದು ನೀರಿನಂಚಿಗೆ ಬಂತು, ಅತ್ತ ನಡೆಯಿತು, ಇತ್ತ ನಡೆಯಿತು. ಹಾರಿದರೆ ಎರಡು ಸೆಕೆಂಡಿನ ದಾರಿ. ಆದರೆ ಕಾಡಿನ ರೂಢಿಯಲ್ಲಿ ಹೇಂಟೆಯೇ ಹುಂಜದ ಹತ್ತಿರ ಹೋಗಬೇಕು. ನಾವು ಬೇಟೆಗಾರರು ಅದನ್ನು ತಿರುಗಾಮುರುಗಾ ಮಾಡಲು ನೋಡುತ್ತೇವೆ. ಸಣ್ಣ ಹಳ್ಳ, ಬೇಲಿ ಸಿಕ್ಕರೂ ಸಾಕು, ಅದು ಅಲ್ಲೇ ನಿಲ್ಲುತ್ತದೆ. ನಲವತ್ತು ನಿಮಿಷ ನೋಡಿ ಬಾಲ ಮಡಚಿಕೊಂಡು ಗುಡ್ಡ ಏರಿತು.

ಕಾಲು ಜೋಮು ಹಿಡಿದಿತ್ತು. ಏಳುವಾಗ ಅಪ್ಪಯ್ಯನ ಮಾತು ನೆನಪಾಯಿತು. ಕೋವಿಯ ತೋಟೆ ತೆಗೆದು ಜೇಬಿಗೆ ಹಾಕಿ ಸುಮ್ನೆ ತಿರುಗಿದೆ. ಮನೆ ಇತ್ತು ಅಂದರೆ ದಾರಿ ಇರಲೇಬೇಕು. ಪಂಚಾಂಗದ ಮುಂದಿನಿಂದ ಹೊರಟು ನೋಡಿದರೆ ಪಾಚಿಯ ಅಡಿಯಲ್ಲಿ ಗಾಡಿ ಜಾಡು, ಎರಡೂ ಕಡೆ ಹಳೆಯ ಸೇಬಿನ ಮರಗಳು. ಜಾಡು ಹಳ್ಳಕ್ಕೆ ಇಳಿದ ಕಡೆ ಯಾರೋ ಚಪ್ಪಡಿ ಕಲ್ಲು ಹಾಸಿದ್ದರು. ಇಷ್ಟು ಮಳೆಗೂ ಅಲ್ಲಿ ನೀರು ಪಾದ ಮುಳುಗುವಷ್ಟೇ. ಬೆಳಗ್ಗೆ ನಾನು ತೊಡೆಮಟ್ಟ ನೀರಿಗಿಳಿದ ಜಾಗಕ್ಕೂ ಇದಕ್ಕೂ ಇನ್ನೂರು ಹೆಜ್ಜೆ ಅಂತರ. ಆ ಮನೆಯವರು ದಿನಾ ದಾಟುತ್ತಿದ್ದ ಜಾಗ ಇದು. ಕಲ್ಲು ಹಾಸಿದವರ ಹೆಸರು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಬಗ್ಗಿ ಒಂದು ಕಲ್ಲು ಮುಟ್ಟಿ ದಾಟಿದೆ.

ಸಂಜೆಯವರೆಗೂ ಆಚೆ ಗುಡ್ಡದ ಬುಡದಲ್ಲಿ ಕೂತಿದ್ದೆ. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಮೇಲೆ ಎಲ್ಲೋ ದೊಡ್ಡ ರೆಕ್ಕೆಗಳ ಪಟಪಟ, ಒಣ ಕೊಂಬೆ ಮುರಿದ ಸದ್ದು. ನೆತ್ತಿಯ ಮೂರನೇ ಓಕ್ ಮರ. ಹೆಡ್‌ಲ್ಯಾಂಪ್ ಹಾಕದೆ, ಜಾಡು ತಡವಿಕೊಂಡು ವಾಪಸ್ ಬಂದೆ. ಕಾರಿನಿಂದ ಮನೆಗೆ ಫೋನ್ ಮಾಡಿದೆ.

"ಸಿಕ್ತಾ?" ಅಂದಳು ಹೆಂಡತಿ.

"ಇಲ್ಲ. ವಿರೋಕ್ವಾದಲ್ಲಿ ರೂಮು ಮಾಡ್ತೀನಿ. ನಾಳೆ ಮಧ್ಯಾಹ್ನ ಬರ್ತೀನಿ."