ಟೀಚರ್ ಕೆಲಸ ಬಿಡಬೇಕೋ ಇರಬೇಕೋ: ಒಂದು ಗಣಿತ ಪೀರಿಯಡ್ಡಿನ ನಂತರ

ರಾಜೀನಾಮೆ ಪತ್ರ ಟೈಪ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ತಾರೀಖು ಮಾತ್ರ ಹಾಕಿರಲಿಲ್ಲ. ರಾತ್ರಿ ನೋಟ್‌ಬುಕ್ ತಿದ್ದಿ ಮುಗಿದ ಮೇಲೆ ಅದನ್ನು ತೆಗೆದು ಓದುವುದು, ಒಂದೆರಡು ಪದ ಬದಲಾಯಿಸುವುದು, ಮತ್ತೆ ಮುಚ್ಚಿಟ್ಟು ಮಲಗುವುದು. ಹೀಗೇ ನಡೆದಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನು ಉತ್ತರ ಬರುತ್ತದೆ ಅಂತ ಗೊತ್ತಿತ್ತು. "ನಿಮಗೇನು ಕಮ್ಮಿ, ಎಷ್ಟೊಂದು ರಜೆ ಇರುತ್ತೆ" ಅಂತ ಕೆಲವರು. "ಇದು ಪುಣ್ಯದ ಕೆಲಸ, ಬಿಡಬೇಡಿ" ಅಂತ ಇನ್ನು ಕೆಲವರು. ಎರಡೂ ಕೇಳಿ ಕೇಳಿ ಸಾಕಾಗಿತ್ತು.

ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುವ ಸುಸ್ತಾಗಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವೇ ಇರಲಿಲ್ಲ. ರಜೆ ಮುಗಿಯುವ ಸಂಜೆ ಹೊಟ್ಟೆಯಲ್ಲಿ ಏನೋ ಸಂಕಟ ಶುರುವಾಗುತ್ತಿತ್ತು. ಗಂಟಲು ಸದಾ ಕಟ್ಟಿಕೊಂಡೇ ಇರುತ್ತಿತ್ತು. ಮನೆಯಲ್ಲಿ ಯಾರಾದರೂ ಸುಮ್ನೆ "ಇವತ್ತು ಏನಾಯ್ತು?" ಅಂತ ಕೇಳಿದರೂ ಉತ್ತರ ಕೊಡಲು ಮಾತೇ ಉಳಿದಿರುತ್ತಿರಲಿಲ್ಲ. ಫಿಲಿಪ್ ಜಾಕ್ಸನ್ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕರು ಪ್ರಾಥಮಿಕ ತರಗತಿಗಳನ್ನು ಹತ್ತಿರದಿಂದ ನೋಡಿ, ಒಬ್ಬ ಟೀಚರ್ ದಿನಕ್ಕೆ 1000 ಸಲದಷ್ಟು ಮಕ್ಕಳೊಂದಿಗೆ ಮಾತು ಕೊಟ್ಟು ತೆಗೆದುಕೊಳ್ಳುತ್ತಾರೆ ಅಂತ 1968ರಲ್ಲೇ ಬರೆದಿದ್ದಾರೆ. ಅದನ್ನು ಓದಿದಾಗ ನನ್ನ ಸಂಜೆಯ ಮೌನಕ್ಕೆ ಒಂದು ಕಾರಣ ಸಿಕ್ಕಿತು. ಮಿಸ್, ನೀರು ಕುಡೀಲಾ. ಮಿಸ್, ಇವನು ನನ್ನ ಪೆನ್ಸಿಲ್ ಕೊಡ್ತಿಲ್ಲ. ಮಿಸ್, ಗೆರೆ ಹಾಕ್ಬೇಕಾ. ಒಂದೊಂದಕ್ಕೂ ಒಂದು ತೀರ್ಮಾನ ಬೇಕು, ಅದೂ ಆ ಕ್ಷಣವೇ ಬೇಕು, ಮುಖದ ಮೇಲೆ ಸಿಡುಕು ಕಾಣಬಾರದು, ಅದೇ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವನು ಅಳುತ್ತಿದ್ದಾನಾ ಅಥವಾ ನಿದ್ದೆ ಮಾಡುತ್ತಿದ್ದಾನಾ ಅಂತಲೂ ನೋಡಬೇಕು. ಬೇರೆ ಎಷ್ಟೋ ಕೆಲಸಗಳಲ್ಲಿ ಮಧ್ಯೆ ಎದ್ದು ಐದು ನಿಮಿಷ ಅಡ್ಡಾಡಿ ಬರಬಹುದು. ಇಲ್ಲಿ ಶೌಚಾಲಯಕ್ಕೆ ಹೋಗಲೂ ಬೆಲ್ ಕಾಯಬೇಕು.

ಆದರೂ ಇದಕ್ಕೋಸ್ಕರ ಕೆಲಸ ಬಿಡಬೇಕು ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಈ ಕೆಲಸ ಇರುವುದೇ ಹೀಗೆ. ಒಂದು ಕಾಲಕ್ಕೆ ಈ ಗದ್ದಲವೇ ನನಗೆ ಇಷ್ಟವಾಗಿತ್ತು. ಹಾಗಾದರೆ ಈಗ ಏನಾಗಿದೆ? ಅದು ತಿಳಿದದ್ದು ಒಂದು ಗಣಿತದ ಪೀರಿಯಡ್ಡಿನಲ್ಲಿ.

ಭಿನ್ನರಾಶಿ ಕೂಡಿಸುವ ಪಾಠ. ಬೋರ್ಡಿನ ಮೇಲೆ 1/2 + 1/3 ಬರೆದಿದ್ದೆ. ಒಬ್ಬ ಹುಡುಗಿ 2/5 ಅಂದಳು. ಗಣಿತ ಹೇಳಿಕೊಡುವ ಎಲ್ಲರೂ ಕಂಡಿರುವ ತಪ್ಪು ಇದು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಯಾಕೆ ಹಾಗೆ ಮಾಡಿದೆ ಅಂದರೆ ಮಕ್ಕಳು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಇವಳು ಎದ್ದು ನಿಂತು ಕಾರಣ ಕೊಟ್ಟಳು. "ಮಿಸ್, ಮೊದಲ್ನೇ ಟೆಸ್ಟಲ್ಲಿ ಎರಡು ಲೆಕ್ಕ ಇತ್ತು, ನಂದು ಒಂದು ಸರಿ. ಎರಡನೇ ಟೆಸ್ಟಲ್ಲಿ ಮೂರು ಲೆಕ್ಕ ಇತ್ತು, ಒಂದು ಸರಿ. ಒಟ್ಟು ಐದರಲ್ಲಿ ಎರಡು ಸರಿ ತಾನೇ?"

ಎಂಥ ಪ್ರಶ್ನೆ ನೋಡಿ. ಅವಳ ಟೆಸ್ಟಿನ ಮಟ್ಟಿಗೆ ಅವಳು ಹೇಳಿದ್ದು ಸರಿಯೇ, ಐದರಲ್ಲಿ ಎರಡೇ. ಹಾಗಿದ್ದ ಮೇಲೆ ಬೋರ್ಡಿನ ಮೇಲೆ ಉತ್ತರ 5/6 ಯಾಕೆ ಬರಬೇಕು? ಅವಳ ಅರ್ಧ ಎರಡು ಲೆಕ್ಕದ ಅರ್ಧ. ಅವಳ ಮೂರನೇ ಒಂದು ಭಾಗ ಬೇರೆಯದೇ ಮೂರು ಲೆಕ್ಕದ್ದು. ಬೋರ್ಡಿನ ಮೇಲಿನ 1/2, 1/3 ಎರಡೂ ಒಂದೇ ಇಡಿಯ ತುಂಡುಗಳು. ಛೇದ ಸಮ ಮಾಡಿ ಅಂತ ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಅದು ಯಾಕೆ ಬೇಕು ಅನ್ನುವುದೆಲ್ಲ ಇದರಲ್ಲೇ ಇದೆ. ಇನ್ನೂ ಒಂದು ಇದೆ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋದು ಹೇಗೆ? ಇಷ್ಟು ಕೇಳಿ ನಾನು ಪಕ್ಕಕ್ಕೆ ನಿಂತರೆ ಸಾಕು, ಮಕ್ಕಳು ತಾವೇ ವಾದ ಮಾಡಿಕೊಳ್ಳುತ್ತಾರೆ. ಇಂಥ ಹತ್ತು ನಿಮಿಷಗಳಿಗಾಗಿಯೇ ನಾನು ಟೀಚರ್ ಆದದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಆಫೀಸಿನವರು ಬಂದು ನಿಂತರು. ಒಂದು ನಮೂನೆ ಮಧ್ಯಾಹ್ನದ ಒಳಗೆ ಹೋಗಬೇಕಂತೆ. ಪ್ರತಿ ಮಗುವಿನ ವಿವರ ಬೇಕಂತೆ, ಈಗಲೇ. ಅದೇ ವಿವರಗಳನ್ನು ಸ್ವಲ್ಪ ದಿನದ ಹಿಂದೆ ಇನ್ನೊಂದು ನಮೂನೆಯಲ್ಲಿ ಕೊಟ್ಟಾಗಿತ್ತು. ಕಾಲಂಗಳ ಕ್ರಮ ಮಾತ್ರ ಬೇರೆ. ಹುಡುಗಿ ಇನ್ನೂ ನಿಂತೇ ಇದ್ದಳು. "ಆಮೇಲೆ ನೋಡೋಣ, ಕೂತ್ಕೋ" ಅಂದೆ. ಎಲ್ಲರಿಗೂ ಪುಸ್ತಕದಿಂದ ನಾಲ್ಕು ಲೆಕ್ಕ ಕೊಟ್ಟು, ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಹುಟ್ಟಿದ ತಾರೀಖು, ತೂಕ, ಎತ್ತರ ಅಂತ ತುಂಬಿಸುತ್ತಾ ಹೋದೆ. ಆ ಹುಡುಗಿಯ ಸರದಿಯೂ ಬಂತು. ಅವಳ ಎತ್ತರ ಬರೆದುಕೊಂಡು ಕಳಿಸಿದೆ. ಬೆಲ್ ಹೊಡೆಯಿತು. ನನ್ನ ಮುಂದಿನ ಬಿಡುವಿನ ಪೀರಿಯಡ್ಡಿಗೆ ಸಬ್‌ಸ್ಟಿಟ್ಯೂಷನ್, ಅಂದರೆ ರಜೆ ಹಾಕಿದ ಟೀಚರ್ ಬದಲು ಅವರ ತರಗತಿ ನೋಡಿಕೊಳ್ಳುವ ಕೆಲಸ, ಹಾಕಿದ್ದರು, ನೇರ ಅಲ್ಲಿಗೆ ಹೋದೆ.

ಸಂಜೆ ಸ್ಟಾಫ್ ರೂಮಿನಲ್ಲಿ ಕೂತಾಗ ಒಂದು ವಿಷಯ ನನಗೆ ಹೆದರಿಕೆ ಹುಟ್ಟಿಸಿತು. ಆ ಪ್ರಶ್ನೆ ಹಾಗೇ ಬಿಟ್ಟುಹೋದದ್ದಕ್ಕೆ ನನಗೆ ಬೇಜಾರೇ ಆಗಿರಲಿಲ್ಲ. ನಮೂನೆ ಹೊತ್ತಿಗೆ ಸರಿಯಾಗಿ ಹೋಯ್ತಲ್ಲ, ಸದ್ಯ, ಅನ್ನುವ ನೆಮ್ಮದಿ ಮಾತ್ರ ಇತ್ತು. ಮೊದಲೆಲ್ಲ ಮಕ್ಕಳು ಇಂಥ ಒಂದು ಮಾತು ಹೇಳಿದರೆ ಸಾಕು, ಸ್ಟಾಫ್ ರೂಮಿಗೆ ಬಂದು ಯಾರು ಸಿಕ್ಕಿದರೆ ಅವರಿಗೆ ಹೇಳುತ್ತಿದ್ದೆ, ಮನೆಗೆ ಹೋಗಿ ಮತ್ತೆ ಹೇಳುತ್ತಿದ್ದೆ.

ಕೆಲಸದ ಒತ್ತಡದಲ್ಲಿ ಮನಸ್ಸು ಹೀಗೆ ಬತ್ತಿಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಅದರ ಬಗ್ಗೆ 1974ರಲ್ಲಿ ಮೊದಲು ಬರೆದವರಲ್ಲಿ ಒಬ್ಬರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು. ಅವರ ಕಣ್ಣೆದುರು ಇದ್ದವರು ಉಚಿತ ಚಿಕಿತ್ಸಾಲಯದಲ್ಲಿ ಮನಸಿಟ್ಟು ದುಡಿಯುತ್ತಿದ್ದ ಜನ. ಕೆಲಸಗಳ್ಳರಿಗೆ ಇದು ಬರುವುದಿಲ್ಲ, ತುಂಬಾ ಹಚ್ಚಿಕೊಂಡವರಿಗೇ ಬರುತ್ತದೆ. ಆಮೇಲೆ 1981ರಲ್ಲಿ ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಸಂಶೋಧಕರು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಸುಸ್ತು ಒಂದು ಭಾಗ ಮಾತ್ರ. ಯಾರಿಗಾಗಿ ಕೆಲಸ ಮಾಡುತ್ತೇವೋ ಅವರನ್ನು ಮನುಷ್ಯರಾಗಿ ನೋಡುವುದು ನಿಲ್ಲುತ್ತಾ ಹೋಗುವುದು ಇನ್ನೊಂದು. ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ ಮತ್ತೊಂದು. ಸುಸ್ತಿನ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಎರಡನೆಯದು ಆ ಸಂಜೆ ಕಂಡಿತು. ತಲೆಯಲ್ಲಿ ಒಂದು ಚಂದದ ಯೋಚನೆ ಇಟ್ಟುಕೊಂಡು ಮೇಜಿನ ಹತ್ತಿರ ಬಂದ ಮಗುವಿನಲ್ಲಿ ನಾನು ನೋಡಿದ್ದು ಎತ್ತರದ ಕಾಲಂ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಹೇಗೆ ವಿವರಿಸಿದೆ ಅನ್ನುವುದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಅವರು ಇದನ್ನು ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಜಾಗದಲ್ಲಿ ಬಹಳ ಕಾಲ ಇದ್ದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟರೆ ಆಗುವ ಸ್ಥಿತಿ ಅಂದಿದ್ದಾರೆ. ಅಂದರೆ ತೊಂದರೆ ಇರುವುದು ಕೆಲಸದಲ್ಲಿ. ಹಾಗಿದ್ದೂ ಟೀಚರ್‌ಗಳಿಗೆ ಸಿಗುವ ಸಲಹೆ ಎಲ್ಲ ಟೀಚರ್‌ಗಳ ಮೇಲೇ ಬರುತ್ತದೆ. ಧ್ಯಾನ ಮಾಡಿ, ಬೇಗ ಮಲಗಿ, ಒಳ್ಳೆಯದನ್ನೇ ಯೋಚಿಸಿ. ಒತ್ತಡ ನಿಭಾಯಿಸುವ ತರಬೇತಿ ಅಂತ ಶಾಲೆ ಮುಗಿದ ಮೇಲೆ ಇನ್ನೂ ಎರಡು ಗಂಟೆ ಕೂರಿಸುತ್ತಾರೆ. ಆ ಎರಡು ಗಂಟೆ ನಮಗೇ ಬಿಟ್ಟುಕೊಡಿ, ಮೊದಲು ಅದಾಗಲಿ. ಧ್ಯಾನ ಕೆಟ್ಟದ್ದು ಅಂತಲ್ಲ, ಆದರೆ ಧ್ಯಾನ ಮಾಡಿದರೆ ನಮೂನೆಗಳು ಕಡಿಮೆಯಾಗುವುದಿಲ್ಲ ಅಲ್ವಾ?

ಅವತ್ತು ರಾತ್ರಿ ಹಳೆಯ ಸಹೋದ್ಯೋಗಿಯೊಬ್ಬಳಿಗೆ ಫೋನ್ ಮಾಡಿದೆ. ನನಗಿಂತ ಒಳ್ಳೆಯ ಟೀಚರ್ ಅವಳು, ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ಕೆಲಸ ಬಿಟ್ಟು ಬೇರೆ ದಾರಿ ಹಿಡಿದಿದ್ದಾಳೆ. ಚೆನ್ನಾಗಿದ್ದಾಳೆ. ಬಿಟ್ಟು ತಪ್ಪು ಮಾಡಿದೆ ಅಂತ ಅವಳಿಗೆ ಒಂದು ದಿನವೂ ಅನಿಸಿಲ್ಲವಂತೆ, ನನಗೂ ಹಾಗೆ ಅನಿಸುವುದಿಲ್ಲ. ಅವಳು ನನಗೆ ಇರು ಅಂತಲೂ ಹೇಳಲಿಲ್ಲ, ಬಿಡು ಅಂತಲೂ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದಳು. "ನಿನಗೆ ಬೇಡವಾಗಿರೋದು ಪಾಠಾನಾ, ಪಾಠ ಬಿಟ್ಟು ಉಳಿದಿದ್ದಾ? ನನಗೆ ಪಾಠವೇ ಬೇಡವಾಗಿತ್ತು, ಅದಕ್ಕೇ ಬಿಟ್ಟೆ."

ಇದಕ್ಕೆ ತಕ್ಷಣ ಉತ್ತರ ಹೇಳಲು ನನಗೆ ಆಗಲಿಲ್ಲ. ಸುಸ್ತಾದಾಗ ಎಲ್ಲವೂ ಒಂದೇ ಗಂಟಾಗಿ ಕಾಣುತ್ತದೆ. ಅದಕ್ಕೆ ಮಾರನೇ ದಿನದಿಂದ ಡೈರಿಯ ಅಂಚಿನಲ್ಲಿ ಒಂದು ಗುರುತು ಹಾಕುತ್ತಾ ಬಂದೆ. ಪ್ರತಿ ಪೀರಿಯಡ್ ಆದ ಮೇಲೆ, ಹೋಗುವಾಗ ಇದ್ದದ್ದಕ್ಕಿಂತ ಈಗ ಜಾಸ್ತಿ ಜೀವ ಇದೆಯಾ, ಕಡಿಮೆ ಇದೆಯಾ, ಅಷ್ಟೇ. ಒಂದು ವಾರದ ಹೊತ್ತಿಗೆ ಚಿತ್ರ ಕಾಣಿಸಿತು. ಯಾರೂ ಮಧ್ಯೆ ಬಾರದ ಪಾಠದ ಪೀರಿಯಡ್ಡುಗಳಲ್ಲಿ, ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ, ನಾನು ಚೆನ್ನಾಗಿಯೇ ಇದ್ದೆ. ಕುಸಿಯುತ್ತಿದ್ದದ್ದು ಬಿಡುವಿನ ಪೀರಿಯಡ್ ಕಳೆದುಕೊಂಡ ದಿನ, ತರಗತಿಯ ಮಧ್ಯೆ ಮಾಹಿತಿ ಕೇಳಿಕೊಂಡು ಬಂದಾಗ, ರಾತ್ರಿ ಪೋಷಕರ ಮೆಸೇಜ್ ನೋಡುವಾಗ, ಮತ್ತು ನೋಟ್‌ಬುಕ್ ರಾಶಿಯ ಮುಂದೆ. ಅದರಲ್ಲೂ ಆ ನೋಟ್‌ಬುಕ್ಕುಗಳು. ಒಂದೊಂದಕ್ಕೂ ಎರಡೇ ನಿಮಿಷ ಅಂತ ಇಟ್ಟುಕೊಂಡರೂ 40 ಮಕ್ಕಳ ತರಗತಿಗೆ 80 ನಿಮಿಷ. ಇನ್ನೊಂದು ಸೆಕ್ಷನ್ ಇದ್ದರೆ ಅದು ಬೇರೆ. ಎರಡು ನಿಮಿಷದಲ್ಲಿ ಕೆಂಪು ಟಿಕ್ ಹಾಕಬಹುದು ಅಷ್ಟೇ, ಮಗು ಎಲ್ಲಿ ಎಡವಿತು ಅಂತ ಓದಲು ಆಗುವುದಿಲ್ಲ. ಆ ಟಿಕ್ಕುಗಳು ಮಗುವಿಗಲ್ಲ, ತಪಾಸಣೆಗೆ ಬರುವವರಿಗೆ.

ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ನನಗೆ ಪಾಠ ಬೇಡವಾಗಿರಲಿಲ್ಲ. ಪಾಠ ಮಾಡಲು ಬಿಡದಿರುವುದು ಸಾಕಾಗಿತ್ತು.

ಈ ಉತ್ತರ ಹಿಡಿದು ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. ಕೆಲಸ ಬಿಡುವ ಯೋಚನೆ ಇದೆ ಅಂತ ನೇರವಾಗಿಯೇ ಹೇಳಿದೆ. ಪಾಠ ನಡೆಯುವಾಗ ಯಾರೂ ಒಳಗೆ ಬರಬಾರದು, ದಿನಕ್ಕೆ ಒಂದು ಬಿಡುವಿನ ಪೀರಿಯಡ್ ಮುಟ್ಟಬಾರದು, ಎಲ್ಲ ನೋಟ್‌ಬುಕ್ ಎಲ್ಲ ವಾರ ತಿದ್ದುವ ಬದಲು ಸರದಿಯ ಮೇಲೆ ಕೆಲವನ್ನು ಪೂರ್ತಿ ಓದಲು ಬಿಡಬೇಕು. ಇಷ್ಟು ಕೇಳಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಅವರು ಒಪ್ಪಿದರು. ಬಿಡುವಿನ ಪೀರಿಯಡ್ಡಿಗೆ ಖಾತ್ರಿ ಕೊಡಲು ಆಗಲ್ಲ ಅಂದರು. ಯಾರಾದರೂ ರಜೆ ಹಾಕಿದರೆ ಮಕ್ಕಳನ್ನು ಒಂಟಿ ಬಿಡೋದು ಹೇಗೆ, ಇರೋದೇ ಕಡಿಮೆ ಜನ ಅಂದರು. ಅದು ನಿಜ, ಅವರ ಮೇಲೆ ನನಗೆ ಸಿಟ್ಟಿಲ್ಲ. ಯುನೆಸ್ಕೋ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2030ರೊಳಗೆ ಜಗತ್ತಿಗೆ ಇನ್ನೂ 4.4 ಕೋಟಿ ಟೀಚರ್‌ಗಳು ಬೇಕು. ಪ್ರಾಥಮಿಕ ಹಂತದಲ್ಲಿ ಕೆಲಸ ಬಿಡುವವರ ಪ್ರಮಾಣ 2015ರಲ್ಲಿ ಶೇಕಡ 4.6ರಷ್ಟಿದ್ದದ್ದು 2022ಕ್ಕೆ ಶೇಕಡ 9 ಆಗಿದೆ. ಒಬ್ಬರು ಬಿಟ್ಟರೆ ಅವರ ಪೀರಿಯಡ್ಡುಗಳು ಉಳಿದವರ ತಲೆಗೆ ಬರುತ್ತವೆ, ಅದರಿಂದ ಇನ್ನೊಬ್ಬರು ಬಿಡುತ್ತಾರೆ. ಇದನ್ನೆಲ್ಲ ನೋಡಿದ ಮೇಲೂ, ಬಿಟ್ಟವರಿಗೆ ಸಹನೆ ಇಲ್ಲ, ಸೇವಾ ಮನೋಭಾವ ಇಲ್ಲ ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಪೋಷಕರ ಮೆಸೇಜಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಸಂಜೆ ಆದ ಮೇಲೆ ಉತ್ತರಿಸುವುದಿಲ್ಲ, ತುರ್ತು ಇದ್ದರೆ ಶಾಲೆಗೆ ಫೋನ್ ಮಾಡಿ ಅಂತ ಗುಂಪಿನಲ್ಲಿ ಹಾಕಿದೆ. ಒಬ್ಬಿಬ್ಬರು ಬೇಸರ ಮಾಡಿಕೊಂಡರು. ಉಳಿದವರು ಒಪ್ಪಿಕೊಂಡರು.

ಆ ಹುಡುಗಿಯ ಪ್ರಶ್ನೆಯನ್ನು ಮುಂದಿನ ವಾರ ಬೋರ್ಡಿನ ಮೇಲೆ ಮತ್ತೆ ಬರೆದೆ, ಅವಳ ಹೆಸರು ಹಾಕಿಯೇ. ಒಬ್ಬ ಹುಡುಗ ಕಾಗದದ ಒಂದು ಪಟ್ಟಿಯನ್ನು ಆರು ಮಡಿಕೆ ಮಾಡಿ, ಮೂರು ಮನೆಗೆ ಒಂದು ಬಣ್ಣ, ಎರಡು ಮನೆಗೆ ಇನ್ನೊಂದು ಬಣ್ಣ ಹಚ್ಚಿ ತಂದು ತೋರಿಸಿದ. "ಒಂದೇ ಪಟ್ಟಿ ಆದ್ರೆ ಆರರಲ್ಲಿ ಐದು, ನಿಂದು ಎರಡು ಬೇರೆ ಬೇರೆ ಪಟ್ಟಿ" ಅಂದ. ಅವಳು ಒಪ್ಪಲಿಲ್ಲ. ಪಟ್ಟಿಯನ್ನು ತೆಗೆದುಕೊಂಡು ತಾನೇ ಮಡಿಚಿ ನೋಡಿದಳು. ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು, ಸಿಲಬಸ್‌ನಲ್ಲಿ ಒಂದು ಪಾಠ ಹಿಂದೆ ಬಿದ್ದೆ. ಸ್ಟಾಫ್ ರೂಮಿಗೆ ಬಂದವಳೇ ಪಕ್ಕದ ಮೇಜಿನವರಿಗೆ ಎಲ್ಲವನ್ನೂ ಹೇಳಿದೆ.

ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಸಬ್‌ಸ್ಟಿಟ್ಯೂಷನ್ ಬಂದ ದಿನ ಈಗಲೂ ಮನೆಗೆ ಹೋಗಿ ಮಾತಾಡುವುದಿಲ್ಲ. ಗಂಟಲನ್ನು ವೈದ್ಯರಿಗೆ ತೋರಿಸಿದ್ದೇನೆ, ದನಿ ಎತ್ತಬೇಡಿ ಅಂದಿದ್ದಾರೆ, ಮಕ್ಕಳು ತುಂಬಿದ ಕೋಣೆಯಲ್ಲಿ ಅದು ಎಷ್ಟು ಕಷ್ಟ ಅಂತ ಟೀಚರ್‌ಗಳಿಗೆ ಗೊತ್ತು. ಬಿಡುವುದಾದರೆ ಸಂಬಳ ಇಲ್ಲದೆ ಎಷ್ಟು ತಿಂಗಳು ನಡೆಸಬಹುದು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೇವೆ, ಪ್ರತಿ ತಿಂಗಳು ಸ್ವಲ್ಪ ತೆಗೆದಿಡುತ್ತಿದ್ದೇವೆ. ಇದು ಬೇಕೇ ಬೇಕು. ಬಿಡಲು ಆಗುವ ಸ್ಥಿತಿಯಲ್ಲಿದ್ದರೆ ಮಾತ್ರ ಇರುವುದನ್ನೂ ನಾವಾಗಿ ಆರಿಸಿಕೊಳ್ಳಬಹುದು.

ಸದ್ಯಕ್ಕೆ ಈ ಶೈಕ್ಷಣಿಕ ವರ್ಷ ಇರುತ್ತೇನೆ. ವರ್ಷದ ಕೊನೆಯಲ್ಲಿ ಮತ್ತೆ ಕೂತು ಮಾತಾಡುವುದು ಅಂತ ಮುಖ್ಯೋಪಾಧ್ಯಾಯರೊಂದಿಗೆ ಮಾತಾಗಿದೆ. ಆ ಹೊತ್ತಿಗೂ ಬಿಡುವಿನ ಪೀರಿಯಡ್ ಹೀಗೇ ಹೋಗುತ್ತಿದ್ದರೆ, ಅಥವಾ ಪಾಠದ ಮಧ್ಯೆ ಮತ್ತೆ ನಮೂನೆಗಳು ಬರಲು ಶುರುವಾದರೆ, ನಾನು ಹೋಗುತ್ತೇನೆ ಅಂತ ಅವರಿಗೆ ಈಗಲೇ ಹೇಳಿದ್ದೇನೆ.